ಓಟದ ಕಾರಿಗೊಂದು ಸ್ಟೀಲ್ ಮುಚ್ಚಳ

ನನ್ನ ಸೊಸೆ ಮಂಜುಳ ಬೆಳಿಗ್ಗೆ ಕಾಫಿ ಲೋಟ ಮುಂದಿಟ್ಟು "ಹೆಂಗಿದೆ ಅತ್ತೆ?" ಎಂದು ಕೇಳುವಷ್ಟರಲ್ಲಿ, ಲೋಟ ಇನ್ನೂ ತುಟಿಗೆ ಮುಟ್ಟುವ ಮೊದಲೇ, "ಚೆನ್ನಾಗಿದೆ ಕಣಮ್ಮ" ಎಂಬ ಮಾತು ನನ್ನ ಬಾಯಿಂದ ಹೊರಟುಹೋಗಿರುತ್ತದೆ. ಕಾಫಿಯ ರುಚಿ ನಾಲಿಗೆಗೆ ತಿಳಿಯುವುದು ಆಮೇಲೆ. ಸಕ್ಕರೆ ಮರೆತ ದಿನವೂ, ಹಾಲು ತಳಹತ್ತಿದ ದಿನವೂ ಈ ಪ್ರಶಸ್ತಿ ಅವಳಿಗೆ ತಪ್ಪದೆ ಸಂದಿದೆ. ಮಕ್ಕಳೇ, ನಿಮ್ಮ ಅಜ್ಜಿ ಓದಿದ್ದು ಹಳ್ಳಿಯ ಶಾಲೆಯಲ್ಲಿ. ಮೇಷ್ಟ್ರು "ಅರ್ಥವಾಯ್ತೇ?" ಎಂದಾಗ ಅರ್ಥವಾಗದಿದ್ದರೂ ಗಂಭೀರವಾಗಿ ತಲೆಯಾಡಿಸುವ ವಿದ್ಯೆಯನ್ನು ನಾನು ಅಲ್ಲಿಯೇ ಸಂಪೂರ್ಣವಾಗಿ ಕಲಿತೆ, ಲೆಕ್ಕ ಮಾತ್ರ ಬರಲಿಲ್ಲ. ಇಂಥ ನನ್ನನ್ನು ಹುಡುಕಿ ಹುಡುಕಿ ನಿಮ್ಮ ಭವ್ಯಕ್ಕ ಒಂದು ಓಟದ ಕಾರಿನ ಪರೀಕ್ಷಕಿಯಾಗಿ ನೇಮಿಸಿಕೊಂಡಳು.

ಭವ್ಯ ನನ್ನ ಹಿರಿಯ ಮಗ ನಾಗರಾಜನ ಮಗಳು ಎಂಬುದು ನಿಮಗೆ ಗೊತ್ತು. ಚಿಕ್ಕಬಳ್ಳಾಪುರದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಹುಡುಗರಿಗೆ ಎಂಜಿನ್ ಬಿಚ್ಚುವುದನ್ನೂ ಜೋಡಿಸುವುದನ್ನೂ ಕಲಿಸುತ್ತಾಳೆ. ರಜೆಯಲ್ಲಿ ಟ್ರ್ಯಾಕಿಗೆ ಹೋಗಿ ತಾನೂ ಕಾರು ಓಡಿಸುತ್ತಾಳೆ. ಅದಕ್ಕೆಂದೇ ಒಂದು ಹಳೆಯ ಕೆಂಪು ಕಾರನ್ನು ತಂದು, ಇದ್ದದ್ದನ್ನೆಲ್ಲ ಒಂದೊಂದಾಗಿ ಕಿತ್ತುಹಾಕಿದಳು. ಹಿಂದಿನ ಸೀಟು ಹೋಯಿತು, ಕೆಳಗಿನ ಹಾಸು ಹೋಯಿತು, ಬಾಗಿಲಿನ ಒಳಮೈಯ ಮೆತ್ತೆ ಹೋಯಿತು. ಭಾರ ಇಳಿದಷ್ಟೂ ವೇಗ ಏರುತ್ತದಂತೆ. ಸರ್ವಸಂಗ ಪರಿತ್ಯಾಗ ಮಾಡಿದ ಆ ಕಾರು ವೈರಾಗ್ಯದಲ್ಲಿ ನಮ್ಮನ್ನೆಲ್ಲ ಮೀರಿಸಿತ್ತು, ಆದರೆ ಶಾಂತಿ ಮಾತ್ರ ಅದಕ್ಕೆ ಸಿದ್ಧಿಸಿರಲಿಲ್ಲ. ಸ್ಟಾರ್ಟ್ ಮಾಡಿದರೆ ನಮ್ಮ ಬೀದಿಯ ನಾಯಿಗಳೆಲ್ಲ ಎದ್ದು ಕೂರುತ್ತಿದ್ದವು. ಅದರ ಹೊಗೆ ರೇಷ್ಮೆ ಹುಳುಗಳ ಕಡೆ ಸುಳಿಯಬಾರದೆಂದು ಮಂಜುಳ ಕಟ್ಟಪ್ಪಣೆ ಮಾಡಿದ್ದರಿಂದ, ಹುಳುಮನೆಯಿಂದ ದೂರ, ಹಿಪ್ಪುನೇರಳೆ ತೋಟದ ಆಚೆಗಿನ ಹುಣಸೆ ಮರದ ಕೆಳಗೆ ಅದರ ವಾಸ.

ನಾಗರಾಜ ಹೈಸ್ಕೂಲಿನ ಹೆಡ್ಮಾಸ್ಟರು. ಮನೆಯಲ್ಲೂ ಹಾಗೆಯೇ ಮಾತಾಡುತ್ತಾನೆ. "ನಾಲ್ಕು ಜನ ಕೂರಕ್ಕಾಗದಿದ್ದನ್ನ ಕಾರು ಅಂತಾರೇನೇ? ಚಿಂತಾಮಣಿಯವನೊಬ್ಬ ಕೇಳ್ತಾವ್ನೆ, ಯುಗಾದಿ ಕಳೆದ ಮೇಲೆ ಕೊಟ್ಬಿಡಣ" ಎಂದ. ಭವ್ಯಳ ಮುಖ ಸಣ್ಣದಾಯಿತು. ಅವಳು, "ಅಪ್ಪಾ, ಇದನ್ನ ಮೆತ್ತಗೆ ಮಾಡಿ ಅಜ್ಜಿನ ನಗರಗೆರೆಗೆ ಕರ್ಕೊಂಡು ಹೋಗಿ ಬಂದ್ರೆ?" ಎಂದಳು.

ನಗರಗೆರೆಯಲ್ಲಿರುವುದು ನನ್ನ ತಂಗಿ ವೆಂಕಟಮ್ಮ. ಹಿಂದೆ ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರ, ಅಲ್ಲಿಂದ ಗೌರಿಬಿದನೂರು, ಅಲ್ಲಿಂದ ನಗರಗೆರೆ ಎಂದು ಬಸ್ಸು ಬದಲಿಸಿ ಬದಲಿಸಿ ಹೋಗಿ ಬರುತ್ತಿದ್ದೆ. ಕೊನೆಯ ಸಲ ಹೋಗಿ ಬಂದವಳು ಸೊಂಟ ಹಿಡಿದು ಹಾಸಿಗೆ ಹಿಡಿದೆ. ಅವಳಿಗೂ ಮಂಡಿನೋವು. ಅಕ್ಕತಂಗಿಯರ ಭೇಟಿ ಫೋನಿನ ಪಾಲಾಗಿ ಎರಡು ವರ್ಷವಾಗಿತ್ತು. ಹಾಗಾಗಿ ಭವ್ಯಳ ಮಾತು ಕೇಳಿ ನನ್ನ ಮನಸ್ಸು ಕುಣಿದಾಡಿತು; ನಾನು ಮಾತ್ರ ಎಂದಿನಂತೆ ಸೊಪ್ಪು ಬಿಡಿಸುವುದರಲ್ಲಿ ಮಗ್ನಳಾಗಿರುವಂತೆ ಕಂಡೆ.

ನಾಗರಾಜ ಒಪ್ಪಿದ. "ಆಯ್ತು. ಅಮ್ಮ ಹೋಗಿ ಆರಾಮಾಗಿ ವಾಪಸ್ ಬಂದ್ರೆ ಕಾರು ನಿಂದು. ಆದ್ರೆ ಅಮ್ಮನ ಬಾಯಿ ನಂಬಲ್ಲ ನಾನು, ಇಳಿದ ಮೇಲೆ ನಡಿಗೆ ನೋಡ್ತೀನಿ" ಎಂದ. ಹೆತ್ತ ತಾಯಿಯನ್ನು ಎದುರಿಗಿಟ್ಟುಕೊಂಡು ಆಡುವ ಮಾತೇ ಇದು ಎಂದು ಬೇಸರವಾಯಿತು. ಆದರೆ ಅವನು ಹೇಳಿದ್ದು ನಿಜವಾದ್ದರಿಂದ ಬೇಸರವನ್ನು ತೋರಿಸಿಕೊಳ್ಳಲಾಗಲಿಲ್ಲ.

ಮೊದಲ ಭಾನುವಾರ ಕಾರು ಹತ್ತಿದೆ ಎನ್ನಬಾರದು, ಇಳಿದೆ ಎನ್ನಬೇಕು. ಅದರ ಸೀಟು ನಮ್ಮ ಮನೆಯ ಮಣೆಗಿಂತ ಸ್ವಲ್ಪವೇ ಎತ್ತರ. ಆ ಸೀಟು ಎರಡೂ ಪಕ್ಕೆಯನ್ನು ಅವುಚಿಕೊಳ್ಳುವಂಥದ್ದು, ಕಡುಬಿನ ಅಚ್ಚಿನೊಳಗೆ ಹಿಟ್ಟು ಕೂತ ಹಾಗೆ ಕೂತೆ. ಆಮೇಲೆ ಪಟ್ಟಿಗಳು ಬಂದವು. ಭುಜಕ್ಕೆರಡು, ಸೊಂಟಕ್ಕೆರಡು, ಇನ್ನೊಂದು ಕಾಲುಗಳ ನಡುವಿನಿಂದ ಮೇಲೆ ಬರಬೇಕಾದದ್ದು. ಸೀರೆಯುಟ್ಟ ಹೆಂಗಸರು ಕಾರೋಟಕ್ಕೆ ಇಳಿದಾರೆಂದು ಅದನ್ನು ಮಾಡಿದವನು ಊಹಿಸಿರಲಿಕ್ಕಿಲ್ಲ. ನಾನು ನಾಚಿ ಕೆಂಪಾದುದನ್ನು ಕಂಡು ಭವ್ಯ, "ಅದೊಂದು ಬೇಡ ಬಿಡಜ್ಜಿ, ಇಪ್ಪತ್ತರ ಸ್ಪೀಡಲ್ಲಿ ಹೋಗಣ" ಎಂದು ನಕ್ಕಳು.

ಶಿಡ್ಲಘಟ್ಟದವರೆಗೆ ಹೋಗಿ ಬಂದೆವು. ರಸ್ತೆಯಲ್ಲಿ ಬಿದ್ದಿದ್ದ ಒಂದೊಂದು ಜಲ್ಲಿಕಲ್ಲಿನ ಆಕಾರವೂ ನನ್ನ ಬೆನ್ನುಮೂಳೆಗೆ ಬೇರೆ ಬೇರೆಯಾಗಿ ಪರಿಚಯವಾಯಿತು. ಗೇರು ಬದಲಿಸಿದಾಗಲೆಲ್ಲ ತಲೆ ಮುಂದಕ್ಕೆ ಹೋಗಿ ಹಿಂದಕ್ಕೆ ಬಂದು, ನಾನು ದಾರಿಯುದ್ದಕ್ಕೂ ಯಾರದೋ ಮಾತಿಗೆ ಸಮ್ಮತಿ ಸೂಚಿಸುತ್ತಿರುವಂತೆ ಕಾಣುತ್ತಿದ್ದಿರಬೇಕು. "ಹೆಂಗಿದೆ ಅಜ್ಜಿ?" ಎಂದಳು. "ಚೆನ್ನಾಗಿದೆ ಕಣವ್ವ" ಎಂದೆ. ಮುಂದಿನ ಭಾನುವಾರ ಏನೋ ತಿರುಗಿಸಿ ಬಂದು ಮತ್ತೆ ಕೇಳಿದಳು. ಚೆನ್ನಾಗಿದೆ. ಮತ್ತೊಂದು ಸಲ ಸ್ಪ್ರಿಂಗು ಬದಲಿಸಿ ಬಂದಳು. ಅದೂ ಚೆನ್ನಾಗಿದೆ. ಅವಳು ಸಂತೋಷದಿಂದ ಎಲ್ಲ ಬೋಲ್ಟುಗಳನ್ನೂ ಬಿಗಿದು, "ಅಪ್ಪಾ, ರೆಡಿ! ಅಜ್ಜಿ ಪಾಸ್ ಮಾಡವ್ರೆ" ಎಂದು ಅವನನ್ನು ಹುಣಸೆ ಮರದ ಕೆಳಗೆ ಕರೆದಳು. ನಾನು ಬಾಗಿಲು ಹಿಡಿದು ಏಳಲು ನೋಡಿದೆ. ಆಗಲಿಲ್ಲ. ಇನ್ನೊಮ್ಮೆ ನೋಡಿದೆ. ನಾಗರಾಜ ಬಂದು ಎರಡೂ ಕೈ ಹಿಡಿದು ಬಾವಿಯಿಂದ ಕೊಡ ಎತ್ತುವಂತೆ ನನ್ನನ್ನು ಎತ್ತಿದ. ನಾನು ಬಗ್ಗಿದವಳು ಬಗ್ಗಿದಂತೆಯೇ ನಡೆದೆ.

"ಇದೇ ನೋಡು ನಿನ್ನ ರೆಡಿ" ಎಂದು ಅವನು ಮನೆಗೆ ಹೋದ. ಭವ್ಯ ಸ್ಪ್ಯಾನರ್ ಕೆಳಗೆ ಹಾಕಿ ನನ್ನ ಎದುರು ಕುಕ್ಕರುಗಾಲಲ್ಲಿ ಕೂತಳು. ಕಣ್ಣು ತುಂಬಿತ್ತು.

"ಅಜ್ಜಿ, ಎಲ್ಲಿ ನೋಯ್ತದೆ ಅಂತ ಹೇಳಿದ್ರೆ ತಾನೇ ನಾನು ಅಲ್ಲಿ ಕೈ ಹಾಕೋದು? ಬೈಯೋರಿದ್ರೆ ಸರಿ ಮಾಡ್ಬೋದಿತ್ತು. ನಿನ್ನ ಚೆನ್ನಾಗಿದೆಯಿಂದ ನನ್ನ ಕಾರು ಹೋಗ್ತದೆ ನೋಡು."

ಯಾರ ಮನಸ್ಸನ್ನೂ ನೋಯಿಸಬಾರದೆಂದು ಜೀವಮಾನವೆಲ್ಲ ಆಡಿದ ಮಾತೇ ಹುಡುಗಿಯ ಕಣ್ಣಲ್ಲಿ ನೀರು ತರಿಸಿತಲ್ಲ ಎಂದು ಅಂದು ಹುಳುಗಳಿಗೆ ಸೊಪ್ಪು ಹಾಕುತ್ತ ಯೋಚಿಸಿದೆ. ಹುಳು ಬಾಯಿಬಿಟ್ಟು ಹೇಳುವುದಿಲ್ಲ, ನಿಜ. ಆದರೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿದರೆ ಏನೋ ಸರಿಯಿಲ್ಲವೆಂದು ನಮಗೆ ತಿಳಿಯುತ್ತದೆ. ನಾನು ಆ ತಲೆಯನ್ನೂ ಎತ್ತಿದವಳಲ್ಲ. ಹಾಗೆ ಅಂದುಕೊಳ್ಳುವಾಗಲೇ ಮರೆತಿದ್ದ ಒಂದು ಸದ್ದು ನೆನಪಾಯಿತು.

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಎಲ್ಲಿಗೆ ಹೋಗಬೇಕಾದರೂ ಎತ್ತಿನ ಗಾಡಿ. ನಿಮ್ಮ ತಾತ ಗಾಡಿ ಹೊಡೆಯುತ್ತಿದ್ದರು, ನಡುವೆ ಮಾವ ಅತ್ತೆ, ಹಿಂದುಗಡೆ ಮೊಸರಿನ ಹಿತ್ತಾಳೆ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು. ಮಾವನವರ ಎದುರು ಸೊಸೆ ಗಂಡನನ್ನು ಕೂಗುವ ಹಾಗಿರಲಿಲ್ಲ. ಒಂದು ಸಲ ಹಳ್ಳಕ್ಕೆ ಗಾಲಿ ಬಿದ್ದಾಗ ನನ್ನ ಬಳೆ ಪಾತ್ರೆಯ ಮುಚ್ಚಳಕ್ಕೆ ತಗುಲಿ ಠಣ್ ಎಂದಿತು. ಅವರು ತಿರುಗಿ ನೋಡದೆಯೇ ಎತ್ತುಗಳ ಹಗ್ಗ ಎಳೆದು ನಿಧಾನ ಮಾಡಿದರು. ಮುಂದಿನ ಹಳ್ಳದಲ್ಲಿ ಬಳೆ ತಾನಾಗಿ ತಗುಲಲಿಲ್ಲ, ನಾನೇ ತಗುಲಿಸಿದೆ. ಅಂದಿನಿಂದ ನಮ್ಮಿಬ್ಬರ ಸಂಭಾಷಣೆ ಸಾಂಗವಾಗಿ ನಡೆಯಿತು. ಒಂದು ಬಡಿತಕ್ಕೆ ನಿಧಾನ, ಎರಡು ಬಡಿತಕ್ಕೆ ದಾರಿಯ ಅಂಚಿಗೆ. ನಮ್ಮತ್ತೆ ಮಾತ್ರ ಆ ಮುಚ್ಚಳ ಸಡಿಲವಾಗಿದೆಯೆಂದು ನಂಬಿ, ಪಾಪ, ಅದನ್ನು ಬಿಗಿ ಮಾಡಿಸಿಕೊಂಡು ಬಂದರು. ಈ ವಿಚಾರವನ್ನು ನಾನೂ ನಿಮ್ಮ ತಾತನೂ ಬಾಯಿಬಿಟ್ಟು ಒಂದು ದಿನವೂ ಆಡಿಕೊಂಡಿದ್ದಿಲ್ಲ. ಅವರು ಹೋದ ಮೇಲೆ ಬಡಿದರೆ ಕೇಳುವವರು ಯಾರು ಎಂದು ಆ ಭಾಷೆಯನ್ನೇ ಬಿಟ್ಟುಬಿಟ್ಟಿದ್ದೆ.

ಮುಂದಿನ ಭಾನುವಾರ ಅಡುಗೆಮನೆಯಿಂದ ಒಂದು ಸ್ಟೀಲ್ ಮುಚ್ಚಳ, ಒಂದು ಚಮಚ ತೆಗೆದುಕೊಂಡು ಕಾರಿನಲ್ಲಿ ಕೂತೆ. ಭವ್ಯ ಕಣ್ಣರಳಿಸಿ, "ಏನಜ್ಜಿ, ದಾರೀಲಿ ಅಡುಗೆ ಮಾಡ್ತೀಯಾ?" ಎಂದಳು. "ನೀನು ಓಡ್ಸವ್ವ, ನೋಯೋ ಕಡೆ ಇದನ್ನ ಬಡೀತೀನಿ" ಎಂದೆ.

ಮಕ್ಕಳೇ, ಬಾಯಿಗೆ ಇದ್ದ ನಾಚಿಕೆ ಚಮಚಕ್ಕೆ ಇರಲಿಲ್ಲ. ಊರ ಬಾಗಿಲಿನ ಹಂಪಿನಲ್ಲಿ ಒಂದು, ಹಾಲಿನ ಡೇರಿ ತಿರುವಿನಲ್ಲಿ ಮೂರು, ಹೊಸದಾಗಿ ಅಗೆದ ರಸ್ತೆಯಲ್ಲಂತೂ ಭಜನೆಯೇ ನಡೆಯಿತು. ಭವ್ಯ ಕಾರು ನಿಲ್ಲಿಸಿ ನಕ್ಕು ನಕ್ಕು ಸ್ಟಿಯರಿಂಗಿನ ಮೇಲೆ ತಲೆ ಇಟ್ಟಳು. ಆಮೇಲೆ ಕೆಲಸ ಹಿಡಿದಳು. ಗಾಲಿಯ ಹತ್ತಿರವಿದ್ದ ಗಟ್ಟಿ ಲೋಹದ ಕೀಲುಗಳ ಜಾಗಕ್ಕೆ ರಬ್ಬರಿನವು ಬಂದವು, ಬಡಿತ ಅರ್ಧಕ್ಕಿಳಿಯಿತು. ಪಕ್ಕೆ ದಪ್ಪಗಿರುವ ಟೈರುಗಳು ಬಂದವು. ಸ್ಪ್ರಿಂಗಿನ ಜೊತೆಗಿರುವ ಶಾಕ್ ಅಬ್ಸಾರ್ಬರಿನ ತಿರುಪನ್ನು ಟಿಕ್ ಟಿಕ್ ಎಂದು ಸಡಿಲಿಸಿ, ಒಂದೇ ಹಂಪಿನ ಮೇಲೆ ನನ್ನನ್ನು ಮತ್ತೆ ಮತ್ತೆ ದಾಟಿಸಿ, ಚಮಚ ಸುಮ್ಮನಾಗುವವರೆಗೂ ಬಿಡಲಿಲ್ಲ. ಕಾರು ಸ್ವಲ್ಪ ಎತ್ತರವಾಯಿತು. ನೆಲಕ್ಕೆ ಹಾಸು ಬಂತು, ಸೈಲೆನ್ಸರ್ ಬಂತು, ನಮ್ಮ ಬೀದಿಯ ನಾಯಿಗಳು ಮಲಗಿದ್ದಲ್ಲೇ ಕಿವಿಯಾಡಿಸಿ ಸುಮ್ಮನಾದವು.

ಒಂದು ದಿನ ರಸ್ತೆ ನುಣ್ಣಗಿದ್ದಲ್ಲಿ ನಾನು ಠಣ್ ಎನಿಸಿದೆ. "ಇಲ್ಲೇನಜ್ಜಿ? ಇಲ್ಲಿ ಹಳ್ಳಾನೂ ಇಲ್ಲ, ಹಂಪೂ ಇಲ್ಲ" ಎಂದಳು. "ನಂಗಲ್ಲ, ನಿನ್ನ ಮಣಿಕಟ್ಟಿಗೆ" ಎಂದೆ. ಕಾರಿನಿಂದ ಇಳಿದಾಗಲೆಲ್ಲ ಅವಳು ಯಾರಿಗೂ ಕಾಣದಂತೆ ಬಲಗೈ ಒದರಿಕೊಳ್ಳುತ್ತಿದ್ದುದನ್ನು ನೋಡಿದ್ದೆ. ಅವಳು ಕಾರನ್ನು ರಸ್ತೆಯ ಅಂಚಿಗೆ ನಿಲ್ಲಿಸಿದಳು. ಆಮೇಲೆ ನಿಜ ಹೊರಬಂತು. ಭಾರ ಇಳಿಸಲೆಂದು ಪವರ್ ಸ್ಟಿಯರಿಂಗನ್ನೂ ತೆಗೆದಿಟ್ಟಿದ್ದಳಂತೆ. ಕೈ ಜೋಮು ಹಿಡಿಯುತ್ತಿದ್ದರೂ, ಟ್ರ್ಯಾಕಿನ ಹುಡುಗರು ಕೇಳಿದರೆ "ಸೂಪರಾಗಿದೆ" ಎನ್ನುತ್ತಿದ್ದಳಂತೆ. ನನ್ನ "ಚೆನ್ನಾಗಿದೆ" ಅವಳ ಬಾಯಲ್ಲಿ "ಸೂಪರಾಗಿದೆ" ಆಗಿತ್ತು, ಅಷ್ಟೆ. ಎಂಥ ಆಸ್ತಿ ಬಿಟ್ಟೆನಪ್ಪ ಮೊಮ್ಮಗಳಿಗೆ ಎಂದು ನನಗೆ ನಗುವೂ ಬಂತು, ಕರುಳೂ ಚುರ್ ಎಂದಿತು. ತೆಗೆದಿಟ್ಟದ್ದು ಮುಂದಿನ ವಾರವೇ ಸ್ವಸ್ಥಾನ ಸೇರಿತು.

ಯುಗಾದಿಯ ಹಿಂದಿನ ಭಾನುವಾರ ಹೊರಟೆವು. ಚಿಕ್ಕಬಳ್ಳಾಪುರ ದಾಟಿ, ಬೆಟ್ಟಗಳ ಮಗ್ಗುಲಲ್ಲಿ ತಿರುಗುತ್ತ ಗೌರಿಬಿದನೂರು ತಲುಪುವವರೆಗೆ ಮುಚ್ಚಳ ತೊಡೆಯ ಮೇಲೆ ತೂಕಡಿಸಿತು. ಹೇಳಬೇಕೆಂದರೆ ನಾನೂ ತೂಕಡಿಸಿದೆ. ನಗರಗೆರೆಯಲ್ಲಿ ವೆಂಕಟಮ್ಮ ಕೋಲೂರಿಕೊಂಡು ಬೀದಿಗೇ ಬಂದಿದ್ದಳು. ಆ ಕಡೆಯವಳಾದ ಮೇಲೆ ಅವಳ ಮಾತಿನಲ್ಲಿ ಅರ್ಧ ತೆಲುಗು. "ಇದೇಮಿ ಬಂಡಿ ಅಕ್ಕಾ, ಮಿಡತೆ ಇದ್ದಂಗದೆ! ಇದರಾಗೆ ಕೂತ್ಕೊಂಡು ಬಂದ್ಯಾ ನೀನು?" ಎಂದು ನನ್ನ ಕೈ ಹಿಡಿದವಳು ಹೊರಡುವವರೆಗೂ ಬಿಡಲಿಲ್ಲ. ನಾವು ಏನು ಮಾತಾಡಿದೆವೆಂದು ಕೇಳಬೇಡಿ, ನೆನಪಿಲ್ಲ. ಹೊಟ್ಟೆ ತುಂಬ ಮಾತಾಡಿದೆವು.

ಸಂಜೆ ಮನೆ ತಲುಪಿದಾಗ ನಾಗರಾಜ ಹುಣಸೆ ಮರದ ಕೆಳಗೆ ಕೈಕಟ್ಟಿ ನಿಂತಿದ್ದ. ನಾನು ಬಾಗಿಲು ಹಿಡಿದು ಎದ್ದೆ. ನಿಧಾನವಾಗಿ, ಆದರೆ ನಾನೇ. ಅವನು ನನ್ನ ಕಾಲನ್ನೇ ನೋಡುತ್ತ, "ಹೆಂಗಿತ್ತಮ್ಮ?" ಎಂದ. ಆ ಹಳೆಯ ಮಾತು ಎಂದಿನಂತೆ ಹಲ್ಲಿನ ಹಿಂದೆ ಬಂದು ನಿಂತಿತ್ತು. ನುಂಗಿಕೊಂಡೆ.

"ಸೊಂಟ ಎಡಗಡೆ ಒಂಚೂರು ಹಿಡ್ಕೊಂಡಿದೆ. ನಗರಗೆರೆ ಹತ್ರ ಕಿತ್ತೋಗಿರೋ ರೋಡಲ್ಲಿ ಕುಕ್ಕಿತು. ಸೀಟು ಇನ್ನೊಂದು ಬೆರಳು ಎತ್ತರ ಇರ್ಬೇಕಿತ್ತು. ಮಿಕ್ಕಿದ್ದಕ್ಕೆ ಏನೂ ಹೇಳಕ್ಕಿಲ್ಲಪ್ಪ."

ನಾಗರಾಜ ತಲೆಯೆತ್ತಿ ನನ್ನ ಮುಖ ನೋಡಿದ. ಅವನು ಹುಟ್ಟಿದಂದಿನಿಂದ ನನ್ನ ಬಾಯಲ್ಲಿ ಇಷ್ಟುದ್ದದ ದೂರು ಕೇಳಿರಲಿಲ್ಲ. "ಇಷ್ಟು ಹೇಳ್ದೆ ಅಂದ್ಮೇಲೆ ಮಿಕ್ಕಿದ್ದು ನಿಜಾನೇ ಇರ್ಬೇಕು" ಎಂದು ಜೇಬಿನಿಂದ ಫೋನು ತೆಗೆದು, ಚಿಂತಾಮಣಿಯವನಿಗೆ ಕಾರು ಕೊಡುವುದಿಲ್ಲವೆಂದು ಹೇಳಿದ. ಭವ್ಯ ನನ್ನನ್ನು ತಬ್ಬಿಕೊಂಡ ರಭಸಕ್ಕೆ ಎಡಗಡೆಯ ಸೊಂಟ ಇನ್ನೊಂದು ಸಲ ಕುಕ್ಕಿತು. ಅದನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಮಂಜುಳ ಕಾಫಿ ತಂದಿಟ್ಟು, ಉತ್ತರ ಹೇಗಿದ್ದರೂ ಗೊತ್ತಿರುವುದೇ ಎಂಬಂತೆ "ಹೆಂಗಿದೆ ಅತ್ತೆ?" ಎನ್ನುತ್ತಲೇ ಒಳಗೆ ಹೊರಟಳು. ನಾನು ಮೊದಲು ಒಂದು ಗುಟುಕು ಕುಡಿದೆ, ಸಪ್ಪೆಯಾಗಿತ್ತು. ಬಾಯಿ ಇನ್ನೂ ಅಷ್ಟು ಧೈರ್ಯ ಮಾಡಿರಲಿಲ್ಲ. ಉಗುರಿನಿಂದ ಲೋಟಕ್ಕೆ ಠಣ್ ಎಂದು ಒಮ್ಮೆ ಬಡಿದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಸಕ್ಕರೆನಾ, ಅತ್ತೆ?"