ಸರಿಯಾದ ಅಕ್ಕಿಯನ್ನು ಆರಿಸಿ

ನಮ್ಮ ಯಜಮಾನರಿಗೆ ಮಕ್ಕಳ ಶಿಕ್ಷಣದ ಬಗ್ಗೆ ಎರಡು ಖಚಿತವಾದ ಅಭಿಪ್ರಾಯಗಳಿದ್ದವು. ಒಂದು ಗುಬ್ಬಿಯದು, ಇನ್ನೊಂದು ತುಮಕೂರಿನದು. ಗುಬ್ಬಿಯ ಹೈಸ್ಕೂಲಿನಲ್ಲಿ ಅವರು ಕನ್ನಡ ಮೇಷ್ಟ್ರು. ಅಲ್ಲಿ ಯಾವನಾದರೂ ಹುಡುಗ ಅಂಗಿಯ ಗುಂಡಿ ಕಿತ್ತುಕೊಂಡು, ಆ ಜಾಗಕ್ಕೆ ಪಿನ್ನು ಚುಚ್ಚಿಕೊಂಡು ಬಂದರೆ, "ಇದನ್ನೆಲ್ಲ ಅಪ್ಪ ಅಮ್ಮ ಮನೇಲಿ ಹೇಳ್ಕೊಡಬೇಕು, ಎಲ್ಲಾ ನಾವೇ ಕಲಿಸೋಕಾಗುತ್ತಾ?" ಅನ್ನುತ್ತಿದ್ದರು. ಸಂಜೆ ರೈಲಿಳಿದು ತುಮಕೂರಿನ ಮನೆಗೆ ಬಂದಾಗ ನಮ್ಮ ಮಗ ಕಿರಣನ ಅಂಗಿಯಲ್ಲೂ ಅದೇ ಪಿನ್ನು ಕಂಡರೆ, "ಇವರ ಸ್ಕೂಲಲ್ಲಿ ಅದೇನ್ ಕಲಿಸ್ತಾರೋ" ಎಂದು ನಿಟ್ಟುಸಿರು ಬಿಡುತ್ತಿದ್ದರು. ಅಭಿಪ್ರಾಯ ಬದಲಾಗುತ್ತಿದ್ದದ್ದು ಬಹುಶಃ ನಡುವಿನ ಮಲ್ಲಸಂದ್ರ ಸ್ಟೇಷನ್ನಿನ ಹತ್ತಿರ. ನಾನು ಊರಂಚಿನ ಸತ್ಯಮಂಗಲದ ಕಾರ್ಖಾನೆಯೊಂದರ ಆಫೀಸಿನಿಂದ ಬಂದು, ಗುಂಡಿ ಹೊಲಿದು, ಎರಡೂ ಅಭಿಪ್ರಾಯಗಳಿಗೆ ತೇಪೆ ಹಾಕುತ್ತಿದ್ದೆ.

ಯಾಕೆಂದರೆ ಕಿರಣ 'ಓದೋ ಹುಡುಗ'. ಈ ಬಿರುದು ನಮ್ಮ ಬೀದಿಯಲ್ಲಿ ಸುಲಭಕ್ಕೆ ಸಿಗುವಂಥದ್ದಲ್ಲ. ಒಮ್ಮೆ ಸಿಕ್ಕಿತೆಂದರೆ ಮಗು ಉತ್ಸವಮೂರ್ತಿಯಾದಂತೆ. ಅದು ತಾನಾಗಿ ನಡೆಯುವುದಿಲ್ಲ, ಹೊತ್ತು ತಿರುಗಬೇಕು. ಹಾಲು ತಗೊಂಡು ಬಾ ಅನ್ನುವಂತಿಲ್ಲ, ಓದೋ ಹುಡುಗ. ಹಾಸಿಗೆ ಸುತ್ತಿಡು ಅನ್ನುವಂತಿಲ್ಲ, ಓದೋ ಹುಡುಗ. ಈ ಮೂರ್ತಿಯ ಪ್ರಧಾನ ಅರ್ಚಕಿ ನಾನೇ ಆಗಿದ್ದುದರಿಂದ ಕಿತ್ತಲೆಹಣ್ಣಿನ ಸಿಪ್ಪೆ ಸುಲಿಯುವ ಸೇವೆಯೂ ನನ್ನದೇ. ಪಿಯುಸಿಗೆ ಬರುವ ಹೊತ್ತಿಗೆ ಕಿರಣ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ, ಬೆಟ್ಟದ ಮೇಲೆ ಯಾಕೆ ಬೇಗ ಕುದಿಯುತ್ತದೆ ಎಂದು ಹೇಳಬಲ್ಲವನಾಗಿದ್ದ. ನಮ್ಮ ಗ್ಯಾಸ್ ಒಲೆಯ ಮೇಲೆ ಅದನ್ನು ಕುದಿಸುವುದು ಹೇಗೆ ಎಂಬುದು ಸಿಲಬಸ್ಸಿನಲ್ಲಿ ಇರಲಿಲ್ಲ.

ಹಿಂದೆ ಹೀಗಿರಲಿಲ್ಲವಂತೆ. ಗುರುಕುಲದ ಶಿಷ್ಯ ಮೊದಲು ಸೌದೆ ಒಡೆದು, ದನ ಕಾಯ್ದು, ಗುರುಪತ್ನಿಗೆ ನೀರು ಸೇದಿಕೊಟ್ಟು, ಆಮೇಲೆ ಹೊತ್ತು ಉಳಿದರೆ ವೇದ. ನನ್ನಂಥ ತಾಯಂದಿರು ಆಗ ಇದ್ದಿದ್ದರೆ ಆಶ್ರಮದ ಬಾಗಿಲಿಗೇ ಹೋಗಿ, "ಸ್ವಾಮೀ, ನಮ್ಮ ಹುಡುಗನ್ನ ಬರೀ ವೇದಕ್ಕೆ ಹಾಕ್ಕೊಳ್ಳಿ, ಸೌದೆ ಪೀರಿಯಡ್ ಬೇಡ" ಅನ್ನುತ್ತಿದ್ದೆವು. ನಮ್ಮ ಕಾಲದಲ್ಲೂ ಸರ್ಕಾರಕ್ಕೆ ಗುರುಕುಲದ ನೆನಪಾಗಿ ಎಸ್.ಯು.ಪಿ.ಡಬ್ಲ್ಯು. ಎಂಬ ಪೀರಿಯಡ್ಡನ್ನು ಇಟ್ಟಿತ್ತು. ಸಮಾಜಕ್ಕೆ ಉಪಯೋಗವಾಗುವ ಉತ್ಪಾದಕ ಕೆಲಸ ಎಂದು ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಬೆಲ್ ಹೊಡೆಯುತ್ತಿತ್ತು. ನಮ್ಮವರ ಶಾಲೆಯಲ್ಲಿ ಮಕ್ಕಳು ಆ ಹೊತ್ತಿನಲ್ಲಿ ಸ್ಟಾಫ್ ರೂಮಿಗೆ ಟೀ ತರುತ್ತಿದ್ದರು. ಕಿರಣನ ಶಾಲೆಯಲ್ಲಿ ಆ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ನುಂಗಿಹಾಕಿದ್ದರು. ಎರಡರಲ್ಲಿ ಸಮಾಜಕ್ಕೆ ಉಪಯೋಗವಾದದ್ದು ಟೀ ಎಂದೇ ನನ್ನ ನಂಬಿಕೆ.

ಚಿಕೂನ್‌ಗುನ್ಯ ಬರದೆ ಹೋಗಿದ್ದರೆ ಈ ಚರ್ಚೆ ಗುಬ್ಬಿಗೂ ತುಮಕೂರಿಗೂ ಹೀಗೆಯೇ ಓಡಾಡಿಕೊಂಡು ಇದ್ದುಬಿಡುತ್ತಿತ್ತು. ಆ ವರ್ಷ ನಮ್ಮ ಬೀದಿಯಲ್ಲಿ ಮನೆಗೊಬ್ಬರಂತೆ ಮಲಗಿದರು. ನಮ್ಮ ಮನೆಯ ಪಾಲಿಗೆ ನಾನು. ಜ್ವರವೇನೋ ಬೇಗ ಬಿಟ್ಟಿತು, ಕೀಲುನೋವು ಬಿಡಲಿಲ್ಲ. ಬೆರಳುಗಳು ಬಾಳೆಹಣ್ಣಿನ ಚಿಪ್ಪಿನ ಹಾಗೆ ಊದಿಕೊಂಡು ನಿಂತವು. ಲೋಟ ಹಿಡಿಯಲಾರೆ, ಮುಷ್ಟಿ ಕಟ್ಟಲಾರೆ. ಪಕ್ಕದ ಮನೆಯ ಟೈಲರ್ ಸಾಹೇಬರ ಹೆಂಡತಿ ಶಮೀಮ್ ಆಪಾ ಮೊದಮೊದಲು ಗಂಜಿ ಕಳಿಸಿದರು. ಆಮೇಲೆ ಅವರೂ ಮಲಗಿದರು. ಕುಣಿಗಲ್ಲಿನ ನನ್ನ ಅಕ್ಕ ಬರುತ್ತೇನೆಂದು ಫೋನು ಮಾಡಿದಳು. ಮಾರನೆಯ ದಿನ ತಾನೂ ಮಲಗಿರುವುದಾಗಿ ಫೋನು ಮಾಡಿದಳು. ಬ್ರೆಡ್ಡು ತಿಂದು ತಿಂದು ನನ್ನ ನಾಲಿಗೆ ಕೆಟ್ಟುಹೋಗಿತ್ತು. ನನಗೆ ಬೇಕಾಗಿದ್ದದ್ದು ಒಂದು ಲೋಟ ಬಿಸಿ ಗಂಜಿ. ಅದಕ್ಕೆ ಉಳಿದಿದ್ದವರು ಒಬ್ಬ ಕನ್ನಡ ಪಂಡಿತರು ಮತ್ತು ಒಬ್ಬ ಓದೋ ಹುಡುಗ.

"ಕಿರಣಾ, ಒಂದು ಪಾವು ಅಕ್ಕಿ ಆರಿಸಿ ಇಡೋ" ಎಂದು ಮಲಗಿದಲ್ಲಿಂದಲೇ ಕೂಗಿದೆ. ಕುಣಿಗಲ್ ಕೆರೆಯ ಕೆಳಗಿನ ಗದ್ದೆಯಿಂದ ಅಕ್ಕ ಕಳಿಸುವ ಅಕ್ಕಿ ಬಲು ರುಚಿ. ಕಲ್ಲೂ ಅಷ್ಟೇ ಧಾರಾಳ.

ಆಮೇಲೆ ನಡುಮನೆಯ ಫ್ಯಾನು ಜೋರಾಗಿ ತಿರುಗತೊಡಗಿತು. ಕತ್ತು ಚಾಚಿ ನೋಡಿದರೆ ನನ್ನ ಹೊಸ ಬೆಡ್‌ಶೀಟಿನ ಮೇಲೆ ಅಕ್ಕಿ ಹರಡಿಕೊಂಡು ಗಾಳಿ ತೆಗೆದುಕೊಳ್ಳುತ್ತಿದೆ.

"ಅದೇನೋ ಮಾಡ್ತಿದೀಯ?"

"ನೀನೇ ಹೇಳಿದ್ಯಲ್ಲಮ್ಮ, ಆರಿಸು ಅಂತ. ಆರಿಸ್ತಾ ಇದೀನಿ. ಆದ್ರೆ ಇದು ಮೊದ್ಲೇ ಒಣಗಿತ್ತು ಕಣಮ್ಮ."

ಅಷ್ಟರಲ್ಲಿ ನಮ್ಮವರು ಗುಬ್ಬಿಯಿಂದ ಬಂದರು. ಸದ್ಯ, ಬದುಕಿದೆ ಅಂದುಕೊಂಡೆ. ಅವರು ಅಕ್ಕಿ ನೋಡಿದರು, ಮಗನಿಂದ ವಿಷಯ ಕೇಳಿದರು, ಮುಖ ಅರಳಿತು. ಹೆಂಡತಿ ಹಸಿದು ಮಲಗಿದ್ದರೂ ನಾನಾರ್ಥವಿರುವ ಪದವೊಂದು ಸಿಕ್ಕಿದರೆ ಸುಮ್ಮನೆ ಬಿಡುವವರಲ್ಲ.

"ನೋಡೋ, ಆರಿಸು ಅನ್ನೋದಕ್ಕೆ ಒಂದೇ ಅರ್ಥ ಅಲ್ಲ. ದೀಪ ಆರಿಸು ಅಂದ್ರೆ ನಂದಿಸು. ಕೂದಲು ಆರಿಸ್ಕೋ ಅಂದ್ರೆ ಒಣಗಿಸ್ಕೋ. ಕಾಫಿ ಆರಿಸ್ಕೊಂಡು ಕುಡಿ ಅಂದ್ರೆ ಬಿಸಿ ಕಡಿಮೆ ಮಾಡ್ಕೊಂಡು ಕುಡಿ. ಎಮ್ಮೆಲ್ಲೆಗಳನ್ನ ಆರಿಸಿ ಕಳಿಸ್ತೀವಲ್ಲ, ಅದೂ ಇದೇ."

"ಸರಿಯಾದ ಉತ್ತರವನ್ನು ಆರಿಸಿ ಬರೆಯಿರಿ ಅಂತ ಬರುತ್ತಲ್ಲ, ಅದಾ?"

"ಅದೇ. ಇಲ್ಲಿ ಆ ಅರ್ಥ."

"ಹಂಗಾದ್ರೆ ಇದ್ರಲ್ಲಿ ಸರಿಯಾದ ಅಕ್ಕಿ ಯಾವ್ದಪ್ಪ?"

ಅಲ್ಲಿಗೆ ಪಾಠ ನಿಂತಿತು. ನಮ್ಮವರಿಗೆ ಅರ್ಥ ಗೊತ್ತಿತ್ತು, ಕಲ್ಲು ಗೊತ್ತಿರಲಿಲ್ಲ. ಇಬ್ಬರೂ ಬೆಡ್‌ಶೀಟಿನ ಎರಡು ಬದಿಗೆ ಕೂತು ಅಕ್ಕಿಯನ್ನೇ ನೋಡತೊಡಗಿದರು. ಸ್ವಲ್ಪ ಹೊತ್ತಿಗೆ, "ನಿಮ್ ಸ್ಕೂಲಲ್ಲಿ ಇಷ್ಟೂ ಹೇಳ್ಕೊಡ್ಲಿಲ್ವೇನೋ?" ಎಂದು ಅವರೂ, "ನೀನು ಹೇಳ್ಕೊಡಬೇಕಿತ್ತಲ್ವಾ?" ಎಂದು ಇವನೂ ಶುರು ಮಾಡಿದರು.

ನನಗೆ ಅಳು ಬಂತು. ಹಸಿವಿಗೂ ಬಂತು, ಹೆದರಿಕೆಗೂ ಬಂತು. ನಾನು ಏಳದೇ ಹೋದರೆ ಇವರಿಬ್ಬರೂ ಒಬ್ಬರಿಗೊಬ್ಬರು ಅರ್ಥ ಹೇಳಿಕೊಂಡು ಉಪವಾಸ ಇರುತ್ತಾರೆ, ಅದು ಹಾಗಿರಲಿ. ಮುಂದೆ ಈ ಹುಡುಗನ ಮನೆಯಲ್ಲಿ ಯಾವಳೋ ಒಬ್ಬಳು ಹೀಗೇ ಮಲಗಿದಾಗ, ಅವಳಿಗೆ ಒಂದು ಲೋಟ ಗಂಜಿ ಕೊಡುವವರು ಯಾರು? ಅವಳ ಮುಖ ನನಗೆ ಗೊತ್ತಿಲ್ಲ, ಆದರೂ ಅವಳ ಪರವಾಗಿಯೂ ಒಂದಿಷ್ಟು ಅತ್ತೆ.

ಅತ್ತದ್ದು ಕೆಲಸ ಮಾಡಿತು. ಕಿರಣ ಮೊರಕ್ಕೆ ಅಕ್ಕಿ ತುಂಬಿಕೊಂಡು ಬಂದು ಹಾಸಿಗೆಯ ಪಕ್ಕ ಕೂತು, "ತೋರಿಸಮ್ಮ" ಎಂದ. ತೋರಿಸೋಣವೆಂದರೆ ಬೆರಳೇ ಇಲ್ಲ. ನನ್ನ ಕೈ ಆಡುತ್ತಿದ್ದಿದ್ದರೆ ಖಂಡಿತ ಮೊರ ಕಿತ್ತುಕೊಂಡು, "ಬಿಡು, ನೀನು ಓದ್ಕೋ ಹೋಗು" ಅಂದಿರುತ್ತಿದ್ದೆ. ಬೇರೆ ದಾರಿಯಿಲ್ಲದೆ ಬಾಯಲ್ಲೇ ಹೇಳಿದೆ. ತೆಳ್ಳಗೆ ಹರಡು, ಸ್ವಲ್ಪ ಸ್ವಲ್ಪವೇ ಈಚೆಗೆ ಎಳಿ, ಬೆಳ್ಳಗಿರೋದೆಲ್ಲ ಅಕ್ಕಿ ಅಲ್ಲ ಕಣೋ. ಗಂಜಿ ಆದದ್ದು ಊರೆಲ್ಲ ಉಂಡ ಮೇಲೆ. ಕಿರಣನೇ ಚಮಚದಲ್ಲಿ ಕುಡಿಸಿದ. ತಳ ಹಿಡಿದಿತ್ತು, ಉಪ್ಪು ಮರೆತಿದ್ದ, ಕಲ್ಲೂ ಸಿಕ್ಕಿತು. ಅದನ್ನು ಸದ್ದಾಗದಂತೆ ನುಂಗಿದೆ. ಶಮೀಮ್ ಆಪಾ ಕಳಿಸಿದ ಗಂಜಿಗಿಂತ ಚೆನ್ನಾಗಿತ್ತು ಎಂದರೆ ಆಪಾಗೆ ದ್ರೋಹವಾಗುತ್ತದೆ, ಆದರೆ ಚೆನ್ನಾಗಿತ್ತು.

ಆಮೇಲೆ ಒಂದೊಂದಾಗಿ ಸಾರು, ಪಲ್ಯ, ಬಟ್ಟೆ ಜಾಲಿಸುವುದು ಎಲ್ಲ ಬಂದವು. ನಮ್ಮವರ ಶಾಲೆಯಲ್ಲಿ ಪೋಷಕರ ಸಭೆಯೂ ಬಂತು. ಅಲ್ಲಿ ಅವರು, "ಬದುಕಿನ ಪಾಠ ಮನೆಯಲ್ಲೇ ಆಗಬೇಕು. ನನ್ನ ಮಗನಿಗೆ ಅಕ್ಕಿ ಆರಿಸುವುದನ್ನು ನಾನೇ ಕಲಿಸಿದೆ" ಎಂದು ಭಾಷಣ ಮಾಡಿದರಂತೆ. ಚಪ್ಪಾಳೆಯೂ ಬಿತ್ತಂತೆ. ಮನೆ, ಶಾಲೆ ಎರಡೂ ಸೇರಿ ಇಷ್ಟು ವರ್ಷ ಕಲಿಸದೇ ಇದ್ದದ್ದನ್ನು ಒಂದು ಸೊಳ್ಳೆ ಕಲಿಸಿತು ಎಂದು ಆ ಸಭೆಯಲ್ಲಿ ಹೇಳುವವರು ಯಾರೂ ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಎಚ್ಚರವಾದಾಗ ನನ್ನ ಮುಷ್ಟಿ ಕಟ್ಟಿಕೊಂಡಿತ್ತು. ಬಿಡಿಸಿದೆ, ಮತ್ತೆ ಕಟ್ಟಿದೆ. ನೋವಿಲ್ಲ. ಖುಷಿಯಿಂದ ಅಡುಗೆಮನೆಗೆ ಓಡಬೇಕು ಅನ್ನುವಷ್ಟರಲ್ಲಿ ಅಲ್ಲಿಂದ ಮೊರದ ಮೇಲೆ ಅಕ್ಕಿ ಸರಿಯುವ ಸದ್ದು ಕೇಳಿಸಿತು.

"ಲೋ, ಇದು ಕಲ್ಲಾ, ಅಕ್ಕೀನಾ ನೋಡು" ಎಂದರು ನಮ್ಮವರು.

"ಕಲ್ಲು ಕಣಪ್ಪ. ಕನ್ನಡಕ ಹಾಕ್ಕೊಂಡು ಆರಿಸು" ಎಂದ ಕಿರಣ. ಆಮೇಲೆ ನನ್ನ ಕಡೆಗೆ ದನಿ ಎತ್ತರಿಸಿ, "ಅಮ್ಮಾ, ಬೆರಳು ಹೆಂಗಿದೆ ಇವತ್ತು?"

ನಾನು ಎರಡೂ ಕೈಗಳನ್ನು ಕಂಬಳಿಯೊಳಗೆ ಎಳೆದುಕೊಂಡೆ.

"ಇನ್ನೂ ಮಡಚೋಕೇ ಆಗ್ತಿಲ್ಲ ಕಣೋ" ಎಂದೆ, ಆದಷ್ಟೂ ನರಳುತ್ತಾ.