ಇನ್ನೂ ಇಪ್ಪತ್ತು ಕಿಲೋಮೀಟರ್

ನೋವಿನ ಮುಲಾಮಿನ ವಾಸನೆ ನಿಮಗೆ ಹೇಗೋ ಗೊತ್ತಿಲ್ಲ, ನನಗಂತೂ ಅದು ಮೂಗಿಗೆ ಬಿದ್ದರೆ ಸಾಕು, ಹಳೆಯ ಹೊಟ್ಟೆಕಿಚ್ಚು ಎದ್ದು ಕೂರುತ್ತದೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಪೇಪರ್ ಹಿಡಿದು ಹೊರಗೆ ಕೂತಿದ್ದೆ. ಒಳಗಿನ ಕೋಣೆಯಿಂದ ವಾಸನೆ ಬಂತು, ಅದರ ಹಿಂದೆಯೇ ಗುನುಗುವ ದನಿ. ನನ್ನ ಹೆಂಡತಿ ಶೈಲಾ ಸೈಕಲ್ ಸವಾರಿ ಮುಗಿಸಿ ಬಂದು ಮೀನಖಂಡಕ್ಕೆ ಮುಲಾಮು ತಿಕ್ಕಿಕೊಳ್ಳುತ್ತಿದ್ದಳು. ಏಳು ಹೊಡೆಯುವುದರೊಳಗೆ ಹಳಿಯಾಳ ರಸ್ತೆಯಲ್ಲಿ ಮೂವತ್ತು ಕಿಲೋಮೀಟರ್ ಹೋಗಿ ಬಂದಿದ್ದಳು. ಅಷ್ಟು ಹೊತ್ತಿನಲ್ಲಿ ನಾನು ಎರಡು ಕಪ್ ಚಹಾ ಮುಗಿಸಿದ್ದೆ.

ಹೊಟ್ಟೆಕಿಚ್ಚು ಅಂದರೆ ನೆರೆಮನೆಯವರ ಮೇಲೆ, ನಮ್ಮ ಜೊತೆಗೇ ಕೆಲಸಕ್ಕೆ ಸೇರಿ ನಮಗಿಂತ ಮೊದಲು ಬಡ್ತಿ ಪಡೆದವರ ಮೇಲೆ ಬರುವಂಥದ್ದು ಅಂತ ನಾನೂ ಬಹಳ ವರ್ಷ ತಿಳಿದಿದ್ದೆ. ಅದಕ್ಕೆ ಔಷಧ ಸುಲಭ. ಅವರ ಮನೆಗೆ ಹೋಗುವುದನ್ನು ಬಿಟ್ಟರಾಯಿತು, ಎದುರಿಗೆ ಬಂದರೆ ಮೊಬೈಲ್ ನೋಡಿದರಾಯಿತು. ಸ್ವಂತ ಹೆಂಡತಿಯ ಮೇಲೆ ಬಂದರೆ ಮನುಷ್ಯ ಏನು ಮಾಡಬೇಕು, ನೀವೇ ಹೇಳಿ. ಎದುರಿಗೆ ಕೂತು ಅವಳು ಬಡಿಸಿದ ರೊಟ್ಟಿಯನ್ನೇ ತಿನ್ನಬೇಕು, ಪಲ್ಯ ಚೆನ್ನಾಗಿದೆ ಅಂತಲೂ ಹೇಳಬೇಕು.

ನಮ್ಮ ಮನೆಯ ಸೈಕಲ್ ಸವಾರ ನಾನು. ಇದನ್ನು ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ, ಯಾಕೆಂದರೆ ಈಗ ದಾಂಡೇಲಿಯಲ್ಲಿ ಇದು ಯಾರಿಗೂ ನೆನಪಿಲ್ಲ. ಅಪ್ಪ ಧಾರವಾಡದ ಕಡೆಯಿಂದ ಕಾಗದದ ಮಿಲ್ಲಿಗೆ ಬಂದವರು, ನಾನೂ ಅದೇ ಮಿಲ್ಲಿನವನು. ಇಪ್ಪತ್ತೈದು ವರ್ಷ ಮೂರೂ ಪಾಳಿಗೆ ಸೈಕಲ್ಲಿನಲ್ಲೇ ಹೋದೆ. ಜೊತೆಯವರೆಲ್ಲ ಬೈಕ್ ಕೊಂಡಾಗಲೂ ನಾನು ಬಿಡಲಿಲ್ಲ. ಶೈಲಾಳಿಗೆ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಕ್ವಾರ್ಟರ್ಸಿನ ಮೈದಾನದಲ್ಲಿ ಸೈಕಲ್ ಕಲಿಸಿದವನು ಕೂಡ ನಾನೇ. ಮೂರನೆಯ ದಿನ ದಾಸವಾಳದ ಬೇಲಿಯೊಳಗೆ ನುಗ್ಗಿ ಬಿದ್ದಳು. ಅಳುತ್ತಾಳೆ, ಇಲ್ಲಿಗೆ ಬಿಡುತ್ತಾಳೆ ಅಂದುಕೊಂಡೆ. ಎದ್ದು ಮೈಗೆ ಅಂಟಿದ ಎಲೆ ಕೊಡವಿಕೊಂಡು, "ಮತ್ತೊಂದ್ಸಲ ಹಿಡೀರಿ" ಅಂದಳು. ಆಗಲೇ ನಾನು ಎಚ್ಚರವಾಗಬೇಕಿತ್ತು.

ಊರಿನ ಡಾಕ್ಟರರೊಬ್ಬರು ಸೈಕಲ್ ಕ್ಲಬ್ಬು ಕಟ್ಟಿದರು. ಜೋಯಿಡಾ ಕಡೆಯ ಕಾಡೊಳಗಿನ ಹಳ್ಳಿಗಳಿಗೆ ಆಸ್ಪತ್ರೆಯೇ ಹೋಗಬೇಕು, ಅದಕ್ಕೊಂದು ಗಾಡಿ ಬೇಕು, ಅದರ ಸಹಾಯಾರ್ಥ ಮೂರು ದಿನದ ಸವಾರಿ ಅಂತ ಅವರ ಯೋಜನೆ. ಮೊದಲ ದಿನ ಜೋಯಿಡಾಕ್ಕೆ ಹೋಗಿ ವಾಪಸ್, ಎರಡನೆಯ ದಿನ ಹಳಿಯಾಳ ದಾಟಿ ಕಲಘಟಗಿ, ಮೂರನೆಯ ದಿನ ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಮುಕ್ತಾಯ. ನಾನು ನನ್ನ ಹೆಸರು ಕೊಟ್ಟೆ. ಒಬ್ಬನೇ ಹೋದರೆ ಚೆನ್ನಾಗಿರುವುದಿಲ್ಲ ಅಂತ ಅವಳ ಹೆಸರನ್ನೂ ಕೆಳಗೆ ಬರೆಸಿದೆ. ಹೊರಡುವ ವಾರ ಎಲ್ಲರ ತಪಾಸಣೆ ಆಯಿತು. ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ ಒಂದು ಸಲ ಗಾಳಿ ಹಾಕಿದರು, ಎರಡು ಸಲ ಹಾಕಿದರು, ಮೂರನೆಯ ಸಲ ಪಟ್ಟಿ ಬಿಚ್ಚಿ ಮಡಚಿಟ್ಟರು.

"ಈ ಬಿಪಿ ಇಟಗೊಂಡು ನಾ ನಿಮ್ಮನ್ನ ಘಟ್ಟ ಹತ್ತಿಸೂದಿಲ್ರಿ," ಅಂದರು. "ಡ್ರೈವಿಂಗ್ ಬರ್ತೈತಲ್ಲ? ಸಪೋರ್ಟ್ ಗಾಡಿ ಹೊಡೀರಿ. ಅದೂ ಸೇವಾನ."

ಹೀಗೆ ನಾನು ಬೆನ್ನ ಮೇಲೆ 'ಸಪೋರ್ಟ್' ಅಂತ ಬರೆದ, ದೂರದಿಂದ ಕಣ್ಣು ಕುಕ್ಕುವ ಹಳದಿ ಜಾಕೀಟು ತೊಟ್ಟು, ಬಾಳೆಹಣ್ಣು, ನೀರು, ಚಿಕ್ಕಿ, ಪಂಕ್ಚರ್ ಸಾಮಾನು ತುಂಬಿದ ಗಾಡಿಯಲ್ಲಿ ಎಲ್ಲರ ಹಿಂದೆ ಹೊರಟೆ. ಜೊತೆಗಿದ್ದವನು ಅಂತೋನ. ಹಳಿಯಾಳದ ಹತ್ತಿರದ ಹಳ್ಳಿಯ ಸಿದ್ದಿ ಸಮುದಾಯದವನು, ಗದ್ದೆ ಮಾಡಿಕೊಂಡು ಬಿಡುವಿದ್ದಾಗ ರಿಪೇರಿ ಕೆಲಸ ಮಾಡುವವನು. ಪಂಕ್ಚರ್ ತೆಗೆಯುವುದು ನಾಲ್ಕೇ ನಿಮಿಷ. ಆದರೆ ಅವನ ನಿಜವಾದ ವಿದ್ಯೆ ಬೇರೆ. ದಣಿದವರು ಬಂದು "ಇನ್ನ ಎಷ್ಟ ಐತೋ ಅಂತೋನ?" ಅಂತ ಕೇಳಿದರೆ, ಹತ್ತು ಕಿಲೋಮೀಟರ್ ಇದ್ದರೆ ನಾಲ್ಕು ಅನ್ನುತ್ತಿದ್ದ, ನಾಲ್ಕಿದ್ದರೆ "ಇಲ್ಲೇ, ಆ ತಿರುವಿನಾಗ" ಅನ್ನುತ್ತಿದ್ದ.

"ದಣದವರಿಗೆ ಖರೇ ದೂರ ಹೇಳಬಾರದ್ರಿ ಸಾಹೇಬ್ರ," ಅಂತ ನನಗೂ ಪಾಠ ಹೇಳಿದ. "ಕಾಲು ಕೇಳಿಸಿಕೊಂಡ ಬಿಡ್ತಾವ."

ನನಗೆ ಆ ಸಕ್ಕರೆ ಮಾತು ಬರುವುದಿಲ್ಲ. ಯಾರು ಕೇಳಿದರೂ ಇದ್ದದ್ದನ್ನೇ ಹೇಳಿದೆ, ಅವರ ಮುಖ ಇಳಿಯುವುದನ್ನೂ ನೋಡಿದೆ. ಮನಸ್ಸಿನ ಮೂಲೆಯಲ್ಲಿ ಸಣ್ಣ ಸಂತೋಷ ಇತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಜೋಯಿಡಾದಲ್ಲಿ ಕೊಂಕಣಿ ಮಾತಾಡುವ ಹೆಂಗಸರು ಶೈಲಾಳನ್ನು ಸುತ್ತುವರಿದು ಅವಳ ಹೆಲ್ಮೆಟ್ಟನ್ನು ಒಬ್ಬೊಬ್ಬರಾಗಿ ತಲೆಗೆ ಇಟ್ಟು ನೋಡಿದರು. ಮಕ್ಕಳಿಗೆ ಅವಳ ಕೈ ಮುಟ್ಟುವ ಆಸೆ. ನನ್ನನ್ನು ಒಬ್ಬ ಮುದುಕ ಮಾತ್ರ ಮಾತಾಡಿಸಿದ, ಗಾಡಿ ಬಾಡಿಗೆಗೆ ಬರುತ್ತದೋ ಅಂತ ಕೇಳಲಿಕ್ಕೆ. ಹಳಿಯಾಳದಲ್ಲಿ ಪತ್ರಿಕೆಯ ಹುಡುಗನೊಬ್ಬ ಅವಳ ಫೋಟೋ ತೆಗೆಯಲು ನಿಂತ. ನಾನು ಪಕ್ಕಕ್ಕೆ ಹೋಗಿ ಜಾಕೀಟು ಸರಿಮಾಡಿಕೊಂಡೆ. "ಅಣ್ಣಾರ, ಸ್ವಲ್ಪ ಸರೀರಿ, ನೀವು ಅಡ್ಡ ಬರಾಕತ್ತೀರಿ," ಅಂದ. ಸರಿದೆ. ಕಲಘಟಗಿ ಮುಟ್ಟುವಷ್ಟರಲ್ಲಿ ಕ್ಲಬ್ಬಿಗೆ ಹೊಸದಾಗಿ ಸೇರಿದವರು ನನ್ನನ್ನು "ಶೈಲಕ್ಕನ ಮನಿಯವರು" ಅಂತಲೇ ಕರೆಯುತ್ತಿದ್ದರು. ನನಗೆ ಉರಿದುಹೋಯಿತು. ಅವಳು ಮಾತ್ರ ಪ್ರತಿ ನಿಲುಗಡೆಯಲ್ಲೂ ಬಂದು "ಮಾತ್ರಿ ತಗೊಂಡ್ರೇನ್ರೀ?" ಅಂತ ಎಲ್ಲರ ಎದುರು ಕೇಳುತ್ತಿದ್ದಳು. ಕಾಳಜಿಯಿಂದಲೇ ಕೇಳುತ್ತಿದ್ದಳು, ಆದರೆ ಬಿಪಿ ಏರಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಮಾತು ಬೇರೆ ಇಲ್ಲ.

ಸವಾರಿಯಲ್ಲಿ ಒಂದು ನಿಯಮವಿತ್ತು. ಆಗದವರು ಸಪೋರ್ಟ್ ಗಾಡಿ ಹತ್ತಬಹುದು, ಯಾರೂ ಏನೂ ಅನ್ನುವುದಿಲ್ಲ. ಆದರೆ ಒಮ್ಮೆ ಹತ್ತಿದರೆ ಸವಾರಿ ಮುಗಿಸಿದವರ ಪಟ್ಟಿಯಲ್ಲಿ ಹೆಸರು ಓದುವುದಿಲ್ಲ, ಪದಕವೂ ಇಲ್ಲ. ಶೈಲಾಳಿಗೆ ಆ ಪದಕ ಬೇಕಿತ್ತು. ಮದುವೆಯಾದಾಗಿನಿಂದ ಹೊಲಿಗೆ ಮಿಷನ್ ತುಳಿಯುವ ಕಾಲು ತನ್ನದು, ಒಂದು ಸಲವಾದರೂ ಎಲ್ಲಿಗೋ ಹೋಗಿ ಮುಟ್ಟಲಿ ಅಂತ ಹೊರಡುವ ಮುಂಚೆ ನನಗೆ ಹೇಳಿದ್ದಳು. ಮೂರನೆಯ ದಿನ ಅದೇ ಕಾಲು ಕೈಕೊಟ್ಟಿತು. ತಡಸ ದಾಟಿದ ಮೇಲೆ ಎದುರು ಗಾಳಿ. ರಸ್ತೆಯ ಅರ್ಧಕ್ಕೆ ರೈತರು ಗೋವಿನಜೋಳ ಒಣಹಾಕಿದ್ದರು, ಅದನ್ನು ತಪ್ಪಿಸಿ ಹೋಗುವುದೇ ಒಂದು ಕೆಲಸ. ಉಳಿದವರೆಲ್ಲ ಮುಂದೆ ಹೋದರು. ಇಂದೂರ ಬಿಟ್ಟ ಮೇಲೆ ಅವಳು ಸೈಕಲ್ ನಿಲ್ಲಿಸಿ, ಹೊಲದ ಬದುವಿನ ಮೇಲೆ ಕೂತು ಬೂಟು ಬಿಚ್ಚಿದಳು. ಮೀನಖಂಡ ಹಿಡಿದುಕೊಂಡು ಕಲ್ಲಾಗಿತ್ತು. ಅಂತೋನ ನೀರು ತುಂಬಿಸಿಕೊಂಡು ಬರಲು ಹತ್ತಿರದ ಬೋರಿಗೆ ಹೋಗಿದ್ದ. ನಾನು ಮುಲಾಮು ಕೊಟ್ಟೆ.

ತಿಕ್ಕಿಕೊಳ್ಳುತ್ತ ಕೇಳಿದಳು, "ಇನ್ನ ಎಷ್ಟ ಐತ್ರೀ?"

ಒಂಬತ್ತು ಇತ್ತು. ಡಾಕ್ಟರು ಆಗಷ್ಟೇ ಫೋನಿನಲ್ಲಿ ಹೇಳಿದ್ದರು, ಸರಿಯಾಗಿ ಒಂಬತ್ತು.

"ಇಪ್ಪತ್ತು," ಅಂದೆ. "ಮುಕ್ತಾಯದ ಜಾಗಾ ಬದಲಿ ಮಾಡ್ಯಾರಂತ. ಕಾಲೊನಿಯ ಕ್ಯಾಂಪ್ ಎಲ್ಲಾ ಸುತ್ತಿ ಹೋಗಬೇಕಂತ."

ಯೋಚಿಸಿ ಹೇಳಿದ ಮಾತಲ್ಲ ಅಂತ ನಿಮಗೆ ಹೇಳಬಹುದಿತ್ತು. ಆದರೆ ಕ್ಯಾಂಪ್ ಸುತ್ತುವ ಕಥೆಯನ್ನು ಯೋಚಿಸದೆ ಯಾರು ಹೆಣೆಯುತ್ತಾರೆ? ಅವಳು ಮೀನಖಂಡವನ್ನು ಇನ್ನೊಮ್ಮೆ ಒತ್ತಿ ನೋಡಿಕೊಂಡಳು. "ಆಗೂದಿಲ್ಲ ಅನಸ್ತೈತಿ," ಅಂದಳು. ನಾನು ಎದ್ದು ಹೋಗಿ ಗಾಡಿಯ ಹಿಂದಿನ ಬಾಗಿಲು ತೆರೆದೆ, ಬಾಳೆಹಣ್ಣಿನ ಬುಟ್ಟಿ ಆಚೆ ಸರಿಸಿ ಅವಳಿಗೆ ಕೂರಲು, ಸೈಕಲ್ಲಿಗೆ ಮಲಗಲು ಜಾಗ ಮಾಡಿದೆ. "ಬಾ, ಇದರಾಗ ಅವಮಾನ ಏನಿಲ್ಲ," ಅಂದೆ. ಆ ಮೂರು ದಿನದಲ್ಲಿ ನಾನು ಯಾರಿಗಾದರೂ ಹೇಳಿದ ಸಿಹಿ ಮಾತು ಅದೊಂದೇ.

ಅಷ್ಟರಲ್ಲಿ ಅಂತೋನ ಕ್ಯಾನು ಹೊತ್ತುಕೊಂಡು ಬಂದ. ತೆರೆದ ಬಾಗಿಲು ನೋಡಿದ, ಅವಳನ್ನು ನೋಡಿದ. "ಏಳ್ರಿ ಅಕ್ಕಾರ, ಇನ್ನ ನಾಕ ಕಿಲೋಮೀಟರ್ ಅಷ್ಟ," ಅಂದ.

"ನಿನ್ನ ನಾಕು ಮೂರು ದಿನದಿಂದ ಕೇಳಾಕತ್ತೇನಿ ಅಂತೋನ," ಅಂತ ಶೈಲಾ ನಕ್ಕಳು. "ಇಪ್ಪತ್ತು ಐತಂತ. ಇವರು ಸಮಾಧಾನಕ್ಕ ಸುಳ್ಳ ಹೇಳೋ ಪೈಕಿ ಅಲ್ಲ."

ಅಂತೋನ ನನ್ನ ಮುಖ ನೋಡಿದ. ಅವನಿಗೂ ಒಂಬತ್ತು ಅಂತ ಗೊತ್ತಿತ್ತು. ಕ್ಯಾನು ಒಳಗಿಟ್ಟ. ನನ್ನ ನಾಲಿಗೆಯ ತುದಿಗೆ ಒಂಬತ್ತು ಬಂತು, ನುಂಗಿಕೊಂಡೆ. ಶೈಲಾ ನನ್ನ ಕಡೆ ಒಮ್ಮೆ ನೋಡಿದಳು, ಬಾಗಿಲಿನ ಕಡೆ ನೋಡಿದಳು, ಆಮೇಲೆ ಬೂಟು ಹಾಕಿಕೊಂಡು, ಸೈಕಲ್ ಹಿಡಿದು ನಾಲ್ಕು ಹೆಜ್ಜೆ ನಡೆದು ಹತ್ತಿ ಕೂತಳು.

ಅವಳ ಹಿಂದೆ ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ಗಾಡಿ ಓಡಿಸುತ್ತ ನಾನು ಕೂತೆ. ಅಂತೋನ ಕಿಟಕಿಯ ಆಚೆ ನೋಡುತ್ತ ಕೂತ. ಅವಳು ಇಪ್ಪತ್ತರ ಲೆಕ್ಕದಲ್ಲಿ ನಿಧಾನಕ್ಕೆ, ಉಸಿರು ಉಳಿಸಿಕೊಂಡು ತುಳಿಯುತ್ತಿದ್ದಳು. ಕಾಲೊನಿ ಬಂತು. ಬಣ್ಣದ ಪತಾಕೆಗಳು, ಕೆಂಪು ನಿಲುವಂಗಿಯ ಭಿಕ್ಷುಗಳು, ಅಂಗಡಿಗಳ ಮುಂದೆ ಕುರ್ಚಿ ಹಾಕಿಕೊಂಡು ಕೂತ ಟಿಬೆಟನ್ ಅಜ್ಜಿಯರು. ಮುಕ್ತಾಯದ ರಿಬ್ಬನ್ ಮೊದಲು ಬಂದವರು ಯಾವಾಗಲೋ ಕತ್ತರಿಸಿ ಆಗಿತ್ತು, ಬ್ಯಾನರು ಗಾಳಿಗೆ ಮಡಚಿಕೊಂಡು ಹಗ್ಗದಂತಾಗಿತ್ತು. ಎಲ್ಲರೂ ಎರಡೂ ಬದಿಗೆ ನಿಂತು ಚಪ್ಪಾಳೆ ಹೊಡೆದರು, ಡಾಕ್ಟರು ಕೈ ಅಡ್ಡ ಹಿಡಿದು "ನಿಲ್ರಿ, ನಿಲ್ರಿ" ಅಂದರು. ಶೈಲಾ ಅದನ್ನು ಚಹಾದ ನಿಲುಗಡೆ ಅಂದುಕೊಂಡಳು. ಒಂದು ಕೈ ಎತ್ತಿ ಬೀಸಿ, "ಚಹಾ ಬ್ಯಾಡ್ರಿ, ಕೂತ್ರ ಏಳಾಕ ಆಗೂದಿಲ್ಲ," ಅಂತ ಹೇಳಿ, ಅವರೆಲ್ಲರ ನಡುವಿನಿಂದ ದಾಟಿ ಹೋದಳು.

ಜನ ನಗತೊಡಗಿದರು. ನನಗೆ ನಗು ಬರಲಿಲ್ಲ. ಅರ್ಧ ಕಿಲೋಮೀಟರ್ ಆಚೆ ಅವಳ ಪಕ್ಕಕ್ಕೆ ಗಾಡಿ ತಂದೆ.

"ಶೈಲಾ, ನಿಲ್ಲು. ಮುಗೀತು."

"ಏನ್ ಮುಗೀತು? ಇನ್ನ ಅರ್ಧಾದರೂ ಇರಬೇಕಲ್ರಿ."

"ಮುಕ್ತಾಯ ಅಲ್ಲೇ ಹಿಂದ ಇತ್ತು."

ಅವಳು ಬ್ರೇಕ್ ಹಿಡಿದು ಒಂದು ಕಾಲು ನೆಲಕ್ಕೆ ಊರಿದಳು. "ಇಪ್ಪತ್ತು ಅಂದ್ರಿ," ಅಂದಳು. ನಾನು ಸ್ಟೇರಿಂಗ್ ನೋಡಿದೆ. ಅವಳು ಸೈಕಲ್ ತಿರುಗಿಸಿದಳು.

ಪದಕ ಕೊಡುವಾಗ ಡಾಕ್ಟರು, "ಎಲ್ಲಾರೂ ರಸ್ತೆ ಮುಗಿಸಿದ್ರು, ಇವರಿಗೆ ರಸ್ತೇನ ಸಾಲಲಿಲ್ಲ," ಅಂದರು. ಅವಳ ಕೈಗೆ ಮೈಕು ಕೊಟ್ಟರು. ಅವಳು ಹೇಳಿದ್ದು ಇಷ್ಟು: "ನಮ್ಮನಿಯವರು ಇಪ್ಪತ್ತು ಐತಿ ಅಂದ್ರು. ಇಲ್ಲೇ ಹತ್ತಿರ ಐತಿ ಅಂದಿದ್ರ ನಾ ಜೋರ ಹೊಡದು ನಡುವ ಬೀಳ್ತಿದ್ದೆ. ದೂರ ಅಂದದ್ದಕ್ಕ ಮುಟ್ಟಿದೆ." ಚಪ್ಪಾಳೆಯೆಲ್ಲ ನನ್ನ ಕಡೆ ತಿರುಗಿತು. ಎಂಥ ಉಪಾಯ ಅಂತ ಡಾಕ್ಟರು ನನ್ನನ್ನು ಮುಂದೆ ಕರೆದು, ಟಿಬೆಟನ್ನರು ಗೌರವಕ್ಕೆ ಹಾಕುವ ಬಿಳಿ ವಸ್ತ್ರವನ್ನು ಕೊರಳಿಗೆ ಹಾಕಿಸಿದರು. ಹಾಕಿಸಿಕೊಂಡೆ. ತಲೆ ಬಾಗಿಸಿ ಕೈಯನ್ನೂ ಮುಗಿದೆ. ಫೋಟೋದಲ್ಲಿ ಈ ಸಲ ನನ್ನನ್ನು ಯಾರೂ ಸರಿಸಲಿಲ್ಲ, ಅದು ನನಗೆ ಹಿತವಾಗಿಯೇ ಇತ್ತು. ಮರುವರ್ಷದ ಸವಾರಿಯಿಂದ ಅಂತೋನ ಬೇರೆ ಸಪೋರ್ಟ್ ಗಾಡಿಗೆ ಹೋದ.

ಇದೆಲ್ಲ ಆಗಿ ನಾಲ್ಕು ವರ್ಷ. ಈ ವಾರ ಡಾಕ್ಟರು ಫೋನ್ ಮಾಡಿದ್ದರು. ಈ ಸಲದ ಸವಾರಿಯ ಸಪೋರ್ಟಿಗೆ ಬಹಳ ಜನ ಹೊಸಬರು, ಭಾನುವಾರ ಬಂದು ನಿಮ್ಮ ಇಪ್ಪತ್ತರ ಉಪಾಯ ಅವರಿಗೆ ಹೇಳಿಕೊಡಿ ಅಂದರು. ಬರುತ್ತೇನೆ ಅಂದುಬಿಟ್ಟೆ. ಹೇಳಬೇಕಾದದ್ದನ್ನು ಒಂದು ಹಾಳೆಯಲ್ಲಿ ಬರೆದೂ ಇಟ್ಟೆ. ಇವತ್ತು ಬೆಳಿಗ್ಗೆ ಆ ವಾಸನೆ ಬಂದಾಗ ಹಾಳೆ ಪೇಪರಿನ ಅಡಿಯಲ್ಲಿತ್ತು. ಎದ್ದು ಒಳಗೆ ಹೋಗಿ ಬಾಗಿಲಿಗೆ ಒರಗಿ ನಿಂತೆ.

"ಅವತ್ತ ಇಂದೂರದ ಕಡೆ ನಾ ಇಪ್ಪತ್ತು ಅಂದೆನಲ್ಲ, ಅದು ಉಪಾಯ ಅಲ್ಲ," ಅಂದೆ. "ನೀ ಗಾಡಿ ಹತ್ತಲಿ ಅಂತ ಹೇಳಿದೆ. ನನಗ ಹೊಟ್ಟಿಕಿಚ್ಚ ಆಗಿತ್ತು."

ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. ಎಡಗಾಲು ಮುಗಿಸಿ ಬಲಗಾಲಿಗೆ ಬಂದಳು.

"ಇಪ್ಪತ್ತು ಸುಳ್ಳು ಅನ್ನೂದು ಗೊತ್ತಿರಲಿಲ್ಲ. ಅದನ್ನ ನಂಬಿದ್ದೆ," ಅಂದಳು. "ಆದ್ರ ನಾ ಹತ್ತೂದು ನಿಮಗ ಬೇಕಾಗಿತ್ತು ಅನ್ನೂದು ಗೊತ್ತಿತ್ತು. ಬಾಗಲಾ ತಗದು ನಿಂತಾಗ ನಿಮ್ಮ ಮಾರಿ ನೋಡಿದೆ. ಮೂರು ದಿನದಾಗ ಮೊದಲನೇ ಸಲ ನಗಾಕತ್ತಿದ್ರಿ. ಅದಕ್ಕ ಎದ್ದೆ. ನಲವತ್ತು ಅಂದಿದ್ರೂ ಏಳ್ತಿದ್ದೆ."

ನಕ್ಕಿದ್ದು ನನಗೆ ಗೊತ್ತೇ ಇರಲಿಲ್ಲ. "ಮತ್ತ ಮೈಕಿನಾಗ ಹಂಗ ಯಾಕ ಹೇಳಿದಿ?" ಅಂತ ಕೇಳಿದೆ.

"ಅಷ್ಟ ಮಂದ್ಯಾಗ ಮತ್ತೇನ್ ಹೇಳಲಿ?" ಮುಲಾಮಿನ ಡಬ್ಬಿಯ ಮುಚ್ಚಳ ತಿರುಗಿಸುತ್ತ ನನ್ನನ್ನು ನೋಡಿದಳು. "ಹೊಟ್ಟಿಕಿಚ್ಚ ಈಗೂ ಐತೇನು?"

"ಐತಿ."

"ಇರ್ಲಿ. ಈ ಸಲಾನೂ ಹಿಂದಿನ ಗಾಡಿ ನೀವ ಹೊಡೀರಿ. ದೂರ ಮಾತ್ರ ಖರೇ ಹೇಳ್ರಿ."

ನಾನು ಹೊರಗೆ ಬಂದು ಡಾಕ್ಟರಿಗೆ ಫೋನ್ ಮಾಡಿ, ಭಾನುವಾರ ಬರುವುದಿಲ್ಲ ಅಂದೆ. ಯಾಕೆ ಅಂತ ಕೇಳಿದರು. ಹೇಳಿದೆ.