ಕೊಬ್ಬರಿ ಎಣ್ಣೆ ಕುಡಿದ ಎಂಜಿನ್ನು

ತೊಂಬತ್ತರ ದಶಕದ ನಡುವಿನ ಮಾತು. ನಸುಕಿನ ರೈಲಿನಲ್ಲಿ ಅರಸೀಕೆರೆಗೆ ಬರುತ್ತಿದ್ದ ಪೇಪರ್ ಬಂಡಲುಗಳನ್ನು ಇಳಿಸಿಕೊಂಡು, ಬೈಕಿನ ಹಿಂದೆ ಕಟ್ಟಿ, ಜಾವಗಲ್ ಮೇಲೆ ಹಾದು ಹಳೇಬೀಡಿಗೆ ಮುಟ್ಟಿಸುವುದು ನನ್ನ ಕೆಲಸ. ನನಗಾಗ ಇಪ್ಪತ್ತಾರು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಬೈಕಿಗಿಂತ ಹೆಂಡತಿಯೇ ನನಗೆ ಹೆಚ್ಚು ಎಂದು ಅವಳನ್ನು ನಂಬಿಸಲು ದಿನವೂ ಹೆಣಗುತ್ತಿದ್ದೆ. ಅವಳು ನಂಬಲಿಲ್ಲ, ಅದು ಬೇರೆ ವಿಷಯ.

ಬೈಕು ಸೆಕೆಂಡ್ ಹ್ಯಾಂಡಿನದು. ನೂರು ಸಿಸಿ, ಒಂದೇ ಸಿಲಿಂಡರು, ಟೂ ಸ್ಟ್ರೋಕು. ಪೆಟ್ರೋಲಿಗೆ ಒಂದು ಟ್ಯಾಂಕು, ಎಣ್ಣೆಗೆ ಸೀಟಿನ ಪಕ್ಕದಲ್ಲಿ ಇನ್ನೊಂದು ಪುಟ್ಟ ಟ್ಯಾಂಕು. ಓಡುವಾಗ ಒಂದು ಸಣ್ಣ ಪಂಪು ಆ ಎಣ್ಣೆಯನ್ನು ಹನಿಹನಿಯಾಗಿ ಎಂಜಿನ್ನಿಗೆ ಕೊಡುತ್ತಿತ್ತು. ಒಬ್ಬನೇ ಕೂತರೆ ಚೆನ್ನಾಗಿಯೇ ಹೋಗುತ್ತಿತ್ತು. ನಾಲ್ಕು ಬಂಡಲು ಕಟ್ಟಿದರೆ ಏರಿನಲ್ಲಿ ಕೆಮ್ಮುತ್ತಾ ನಿಲ್ಲುವ ಹಾಗಾಗುತ್ತಿತ್ತು.

ಆ ವರ್ಷದ ಚಳಿಗಾಲದಲ್ಲಿ ಬೇಲೂರಿನ ಪೇಪರ್ ಏಜೆಂಟರು ನನ್ನನ್ನು ಕರೆಸಿದರು. "ಬೇಲೂರಿನ ಬಂಡಲೂ ನೀನೇ ತರ್ತೀಯೇನಪ್ಪಾ? ಏಳು ದಿನ ನೋಡ್ತೀನಿ. ದಿನಾ ಆರೂವರೆ ಒಳಗೆ ನನ್ನ ಅಂಗಡಿ ಮುಂದೆ ಇರಬೇಕು. ಒಂದು ದಿನ ತಪ್ಪಿದ್ರೂ ವ್ಯಾನಿನವನಿಗೆ ಕೊಡ್ತೀನಿ" ಅಂದರು. ವ್ಯಾನು ಬಂದರೆ ಬೇಲೂರು ಮಾತ್ರ ಹೋಗುವುದಿಲ್ಲ, ದಾರಿಯಲ್ಲೇ ಸಿಗುವ ಹಳೇಬೀಡೂ ಹೋಗುತ್ತದೆ. ಆಮೇಲೆ ನಾನು ಬೈಕು ಒರೆಸುತ್ತಾ ಮನೆಯಲ್ಲಿ ಕೂರಬೇಕು. ಒಂದು ಕ್ಷಣವೂ ಯೋಚಿಸದೆ "ಆಯ್ತು ಸಾರ್, ತರ್ತೀನಿ" ಎಂದೆ. ಒಪ್ಪಿಕೊಂಡಾದ ಮೇಲೆ ಲೆಕ್ಕ ಹಾಕಿದೆ. ಎಂಟು ಬಂಡಲು, ಆ ಬೈಕಿನಲ್ಲಿ!

ನೆಟ್ಟಗೆ ಮೇಸ್ತ್ರಿಯ ಹತ್ತಿರ ಹೋದೆ. ಮೇಸ್ತ್ರಿ ಎಂದರೆ ಅರಸೀಕೆರೆಯ ರೈಲ್ವೆ ಶೆಡ್ಡಿನಲ್ಲಿ ಉಗಿ ಎಂಜಿನ್ನುಗಳ ಫಿಟ್ಟರ್ ಆಗಿದ್ದು ರಿಟೈರಾದವರು. ಸ್ಟೇಷನ್ನಿನ ಹಿಂದೆ ತಗಡಿನ ಸೂರಿನಡಿ ಒಂದು ಬೆಂಚು, ಕಬ್ಬಿಣ ಕಚ್ಚಿ ಹಿಡಿಯುವ ಒಂದು ವೈಸು, ಗೋಡೆ ತುಂಬ ಅರಗಳು. ಅವರ ಪದ್ಧತಿ ವಿಚಿತ್ರ: ಯಾರ ಎಂಜಿನ್ನು ಬಿಚ್ಚಿದರೂ ಉಜ್ಜುವ ಕೆಲಸ ಅವನೇ ಮಾಡಬೇಕು. ಅವರು ಗೀಟು ಹಾಕಿ ಕೊಡುತ್ತಾರೆ, ಅಷ್ಟೆ. "ನಾನು ಉಜ್ಜಿಕೊಟ್ರೆ ನೀನು ನಾಳೆ ಅದನ್ನ ಕತ್ತೆ ಹೊಡ್ದಂಗೆ ಹೊಡೀತೀಯ. ನೀನೇ ಉಜ್ಜಿದ್ರೆ ಹೊಟ್ಟೆ ಉರೀತದೆ" ಅನ್ನುತ್ತಿದ್ದರು.

"ನಿಂಗೆ ಓಡೋ ಎಂಜಿನ್ ಬೇಕೋ, ಎಳೆಯೋ ಎಂಜಿನ್ ಬೇಕೋ?" ಎಂದು ಕೇಳಿದರು.

"ಎರಡೂ ಬೇಕು ಮೇಸ್ತ್ರೀ."

"ಆಸೆ ನೋಡು ಇವನ್ದು!" ಎಂದು ನಕ್ಕರಾದರೂ ಸಿಲಿಂಡರು ಬಿಚ್ಚಿದರು. ನನ್ನ ಬಳಿ ಉಳಿದಿದ್ದ ಹಳೇ ಪೇಪರೊಂದನ್ನು ಅದರ ಬಾಯಿಗೆ ಒತ್ತಿ, ಮೇಲೆ ಗ್ರೀಸಿನ ಬೆರಳಾಡಿಸಿದರು. ಪೆಟ್ರೋಲಿನ ಹಬೆ ಒಳಬರುವ ಕಿಂಡಿಯ ಅಂಚು ಪೇಪರಿನ ಮೇಲೆ ಕರ್ರಗೆ ಮೂಡಿತು. ಅದೇ ಪೇಪರನ್ನು ಎಂಜಿನ್ನಿನ ಕೆಳಗಿನ ಭಾಗಕ್ಕೆ ಹಿಡಿದರೆ ಎರಡು ಕಿಂಡಿಗಳೂ ಒಂದಕ್ಕೊಂದು ಕೂಡುತ್ತಿರಲಿಲ್ಲ, ಒಂದು ಕಡೆ ಅಕ್ಕಿಕಾಳಿನಷ್ಟು ಮೆಟ್ಟಿಲು. "ನೋಡ್ಲಾ, ಇಲ್ಲಿ ಎಡವಿ ಎಡವಿ ಬತ್ತೈತೆ ಪೆಟ್ರೋಲು. ಉಸಿರು ಎಲ್ಲಿಂದ ಬಂದಾತು?"

ಹಳೇಬೀಡಿನ ಬಂಡಲುಗಳನ್ನು ಬಸ್ಸಿಗೆ ಹಾಕಿ ಕಳಿಸುತ್ತಾ ಮೂರು ದಿನ ಉಜ್ಜಿದೆ. ಬೆರಳ ತುದಿ ಸವೆದು ಟೀ ಲೋಟ ಹಿಡಿಯಲಾಗುತ್ತಿರಲಿಲ್ಲ. ಹೊಗೆ ಹೊರಹೋಗುವ ಕಿಂಡಿಯನ್ನು ಮೇಲಕ್ಕೆ ಅಗಲಿಸೋಣ, ಸ್ಪೀಡು ಬರುತ್ತದಂತೆ ಎಂದು ಗೋಗರೆದೆ. ಮೇಸ್ತ್ರಿ ಅರವನ್ನೇ ಕಿತ್ತುಕೊಂಡರು. "ಅಷ್ಟು ಎತ್ತರಿಸಿದ್ರೆ ಖಾಲಿ ರೋಡಲ್ಲಿ ಹಾರ್ತದೆ, ಏರಲ್ಲಿ ಮಲಗ್ತದೆ. ಪೇಪರ್ ಹೊರೋನಿಗೆ ಯಾಕ್ಲಾ ರೇಸು?" ಎಂದು ಕೂದಲೆಳೆಯಷ್ಟು ಮಾತ್ರ ತೆಗೆಸಿದರು. ಪಿಸ್ಟನ್ನಿಗೆ ಎಣ್ಣೆ ನಿಲ್ಲಲೆಂದು ಎರಡು ಪುಟ್ಟ ತೂತು ಕೊರೆದರು. ಎಳೆತ ಹೆಚ್ಚಲೆಂದು ಸಿಲಿಂಡರಿನ ತಲೆಯ ಭಾಗವನ್ನು ಗಾಜಿನ ಮೇಲಿಟ್ಟ ಉಪ್ಪುಕಾಗದಕ್ಕೆ ತಿಕ್ಕಿ ಸ್ವಲ್ಪವೇ ತಗ್ಗಿಸಿದರು.

ಮೊದಲ ಕಿಕ್ಕಿಗೇ ಎಂಜಿನ್ನು ಎದ್ದಾಗ ನಾನು ಕೂಗಿಯೇ ಬಿಟ್ಟೆ. ದನಿಯೇ ಬೇರೆಯಾಗಿತ್ತು! ಮೇಸ್ತ್ರಿ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಕಣ್ಣು ಮುಚ್ಚಿ ಕೇಳಿದರು. "ಪರವಾಗಿಲ್ಲ" ಅಂದರು. ಅದು ಅವರ ಬಾಯಲ್ಲಿ ಬರುವ ಅತಿ ದೊಡ್ಡ ಹೊಗಳಿಕೆ.

ಏಳು ದಿನದ ಪರೀಕ್ಷೆ ಶುರುವಾಯಿತು. ಅಬ್ಬಾ, ಆ ಬೆಳಗುಗಳು! ಎಂಟು ಬಂಡಲು ಹೊತ್ತು, ಕಿವಿಗೆ ಮಫ್ಲರು ಸುತ್ತಿ, ಜಾವಗಲ್ಲಿನ ಆಚೆಯ ಏರನ್ನು ಮೂರನೇ ಗೇರಿನಲ್ಲೇ ಹತ್ತುತ್ತಿದ್ದೆ. ಹಿಂದೆ ಅದೇ ಏರಿನಲ್ಲಿ ಕಾಲೂರಿ ತಳ್ಳುತ್ತಿದ್ದವನು ನಾನು. ಹಳೇಬೀಡಿನ ಕೆರೆಯ ಮೇಲೆ ಮಂಜು ಇರುವಾಗಲೇ ಅಲ್ಲಿಯ ಬಂಡಲು ಎಸೆದು, ಬೇಲೂರಿನ ಅಂಗಡಿ ಮುಂದೆ ಐದೂಮುಕ್ಕಾಲಿಗೆ ಹಾಜರು. ಏಜೆಂಟರು ವಾಚು ನೋಡುತ್ತಿದ್ದರು, ನಾನು ನೋಡದವನ ಹಾಗೆ ಹಗ್ಗ ಬಿಚ್ಚುತ್ತಿದ್ದೆ. ಆರು ದಿನ ಹೀಗೇ ನಡೆಯಿತು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಆರನೇ ದಿನ ಮಧ್ಯಾಹ್ನ ನೋಡಿದರೆ ಎಣ್ಣೆಯ ಪುಟ್ಟ ಟ್ಯಾಂಕು ತಳ ಕಂಡಿತ್ತು. ನನ್ನ ಮಾವನದು ಕೊಬ್ಬರಿ ಎಣ್ಣೆಯ ಮಿಲ್ಲು. ಅಂದು ಅಲ್ಲಿಗೆ ಊಟಕ್ಕೆ ಹೋಗಿದ್ದೆ. ರೇಸಿನವರು ಎಂಜಿನ್ನಿಗೆ ಹರಳೆಣ್ಣೆ ಹಾಕುತ್ತಾರೆಂದು ಯಾರೋ ಹೇಳಿದ್ದು ತಲೆಯಲ್ಲಿ ಕೂತಿತ್ತು. ಹರಳೆಣ್ಣೆಯೇ ಆಗುವುದಾದರೆ ನಮ್ಮೂರ ಕೊಬ್ಬರಿ ಎಣ್ಣೆ ಯಾಕಾಗಬಾರದು? ಮಿಲ್ಲಿನ ಬಾಯಿಂದ ಆಗಷ್ಟೇ ಇಳಿದ ಎಣ್ಣೆ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮಾವ ಪಕ್ಕದಲ್ಲೇ ನಿಂತಿದ್ದರು. "ಬೇಡ ಕಣಪ್ಪಾ, ಮೇಸ್ತ್ರೀನ ಒಂದು ಮಾತು ಕೇಳು" ಅಂದರು. "ನಿಮಗೆ ಗೊತ್ತಾಗಲ್ಲ ಮಾವ" ಎಂದು ಟ್ಯಾಂಕಿನ ತುಂಬ ಹೊಯ್ದೆ.

ಏಳನೇ ದಿನ ವಿಪರೀತ ಚಳಿ. ಜಾವಗಲ್ ತನಕ ಎಲ್ಲ ಸರಿಯಾಗಿತ್ತು. ಅದೇ ಏರಿನಲ್ಲಿ ಎಂಜಿನ್ನು ಕಿರ್ರೆಂದು ಹಿಂದಿನ ಚಕ್ರ ಹಿಡಿದುಕೊಂಡಿತು, ಬೈಕು ಜಾರಿ ರಸ್ತೆಯಂಚಿಗೆ ಹೋಗಿ ನಿಂತಿತು. ಕಿಕ್ಕರು ಕಲ್ಲಾಗಿತ್ತು. ಟಾರ್ಚು ಹಾಕಿ ಎಣ್ಣೆಯ ಟ್ಯಾಂಕಿನ ಮುಚ್ಚಳ ತೆಗೆದೆ. ಒಳಗೆ ಬೆಣ್ಣೆ ತುಂಬಿಟ್ಟ ಹಾಗೆ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು ನಮ್ಮೂರಿನ ಹೆಮ್ಮೆ. ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆಂದು ಅರಸೀಕೆರೆಯ ಮೂರು ವರ್ಷದ ಮಗುವಿಗೂ ಗೊತ್ತು. ದಿನಾ ಬೆಳಿಗ್ಗೆ ಬಾಟಲಿಯನ್ನು ಒಲೆಯ ಪಕ್ಕ ಇಟ್ಟು ತಲೆಗೆ ಹಚ್ಚಿಕೊಳ್ಳುತ್ತಿದ್ದವನು ನಾನು!

ಮೊಪೆಡ್ಡಿನಲ್ಲಿ ಹಾಲಿನ ಕ್ಯಾನು ಹೊತ್ತು ಬರುತ್ತಿದ್ದವನೊಬ್ಬ ಸಿಕ್ಕಿದ. ಪುಣ್ಯಕ್ಕೆ ಅವನ ಬಳಿ ಎಂಜಿನ್ನಿನ ಎಣ್ಣೆಯ ಸೀಸೆ ಇತ್ತು. ಅದನ್ನು ನೇರವಾಗಿ ಪೆಟ್ರೋಲ್ ಟ್ಯಾಂಕಿಗೆ ಸುರಿದು, ಎಂಜಿನ್ನು ತಣ್ಣಗಾಗುವವರೆಗೆ ಕಾಲು ಸುಟ್ಟ ಬೆಕ್ಕಿನಂತೆ ಸುತ್ತಿದೆ. ಕಿಕ್ಕರು ಬಿಟ್ಟುಕೊಟ್ಟಿತು. ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಸದ್ದು ಮಾಡುತ್ತಾ, ಹೊಗೆ ಕಾರುತ್ತಾ ಬೇಲೂರು ಸೇರಿದಾಗ ಆರು ಇಪ್ಪತ್ತೆಂಟು. ಏಜೆಂಟರು ವಾಚಿನಿಂದ ತಲೆಯೆತ್ತಿ, "ನಾಳೆಯಿಂದ ಲೈನು ನಿಂದೇ ಕಣಯ್ಯ" ಅಂದರು. ಕುಣಿಯಬೇಕಾದವನು ನಾನು. ಆದರೆ ನಾಳೆ ಯಾವುದರಲ್ಲಿ ಬರುವುದು?

ಬೈಕನ್ನು ಲಾರಿಗೆ ಹಾಕಿಸಿಕೊಂಡು ಮೇಸ್ತ್ರಿಯ ಮುಂದೆ ಇಳಿಸಿದೆ. ಸಿಲಿಂಡರು ಬಿಚ್ಚಿದರು. ಮೂರು ದಿನ ನಾನೇ ಉಜ್ಜಿದ ಆ ಸಿಲಿಂಡರಿನ ಗೋಡೆಯಲ್ಲಿ ಉದ್ದುದ್ದ ಗೀರು. ಎಣ್ಣೆಯ ಟ್ಯಾಂಕಿಗೆ ಬೆರಳು ಹಾಕಿ ಮೂಸಿದರು. ಅಂಗೈಯಲ್ಲಿ ತಿಕ್ಕಿ ತಮ್ಮ ನರೆತ ತಲೆಗೆ ಸವರಿಕೊಂಡರು. "ಯಾರ್ಲಾ ಹಾಕಿದ್ದು?"

"ನಮ್ಮ ಮಾವ" ಎಂದುಬಿಟ್ಟೆ. ಬಾಯಿಂದ ತಾನಾಗಿ ಹೊರಟಿತು.

ಮೇಸ್ತ್ರಿ ಚಿಂದಿಬಟ್ಟೆಗೆ ಕೈ ಒರೆಸಿಕೊಂಡರು. "ಬೇರೆ ಸಿಲಿಂಡರು ಹಾಸನದಿಂದ ಬರೋಕೆ ಮೂರು ದಿನ" ಎಂದು ಗೊಣಗಿ, ಸೂರಿನ ಹಿಂದಿದ್ದ ತಮ್ಮ ಬೈಕನ್ನು ತಳ್ಳಿಕೊಂಡು ಬಂದರು. ನನ್ನಂಥದ್ದೇ ಬೈಕು. ಅದನ್ನು ಬಿಚ್ಚಿ, ಸಿಲಿಂಡರು ಪಿಸ್ಟನ್ನು ಎರಡನ್ನೂ ನನ್ನದಕ್ಕೆ ಕೂರಿಸಿದರು, ಎಣ್ಣೆಯ ಟ್ಯಾಂಕು ತೊಳೆದು ಸರಿಯಾದ ಎಣ್ಣೆ ತುಂಬಿದರು. ಆ ಸಿಲಿಂಡರಿನ ಕಿಂಡಿಗಳನ್ನು ಅವರು ಯಾರಿಗೂ ತೋರಿಸದೆ ವರ್ಷಗಟ್ಟಲೆ ಉಜ್ಜಿದ್ದರು, ನೋಡಿದರೆ ಮುಖ ಕಾಣುತ್ತಿತ್ತು. ನನ್ನ ಕೈಗೆ ಅರ ಕೊಡಲಿಲ್ಲ, ಉಜ್ಜು ಎನ್ನಲೂ ಇಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಸಂಜೆ ಊರಾಚೆಯ ಮನೆಗೆ ನಡೆದು ಹೊರಟರು.

ಮರುದಿನ ನಸುಕಿನಲ್ಲಿ ನಾನು ಬಂಡಲು ಕಟ್ಟುತ್ತಿದ್ದಾಗ ಸ್ಟೇಷನ್ನಿನ ಮೆಟ್ಟಿಲ ಬಳಿ ಕಂಬಳಿ ಹೊದ್ದು ಮೇಸ್ತ್ರಿ ನಿಂತಿದ್ದರು. ಆ ಚಳಿಯಲ್ಲಿ ಅಷ್ಟು ದೂರ ನಡೆದು ಬಂದಿದ್ದರು. ಕಿಕ್ ಹೊಡೆದೆ. ಎಂಜಿನ್ನು ಎಷ್ಟು ನಯವಾಗಿ ಹಿಡಿಯಿತೆಂದರೆ ಮೈ ಜುಮ್ಮೆಂದಿತು. ಅವರು ತಲೆ ಓರೆ ಮಾಡಿ ಕೇಳಿಸಿಕೊಂಡರು.

ನನಗೆ ತಡೆಯಲಾಗಲಿಲ್ಲ. "ಮೇಸ್ತ್ರೀ, ಎಣ್ಣೆ ಹಾಕಿದ್ದು ನಾನೇ. ಮಾವ ಬೇಡ ಅಂದಿದ್ರು."

"ನಿಮ್ಮಾವ ಎಣ್ಣೆ ಮಾಡಿ ಮಾಡಿ ಮುದುಕಾಗವ್ರೆ. ಅವ್ರು ಹಾಕ್ತಾರೇನ್ಲಾ?" ಅಂದರು ಮೇಸ್ತ್ರಿ. "ನೀನೇ ಹೇಳ್ಲಿ ಅಂತ ಸುಮ್ನಿದ್ದೆ. ಹೊರಡು, ಲೇಟಾಯ್ತದೆ."

ಮುಖ ಎತ್ತಲಾಗದಷ್ಟು ನಾಚಿಕೆಯಾಗಿತ್ತು, ಜೋರಾಗಿ ಕಿರುಚುವಷ್ಟು ಖುಷಿಯೂ ಆಗಿತ್ತು. ಜಾವಗಲ್ ದಾಟುವ ತನಕ ಒಂದು ಸಲವೂ ಆಕ್ಸಿಲರೇಟರನ್ನು ಜೋರಾಗಿ ತಿರುವಲಿಲ್ಲ, ಆದರೂ ಬೇಲೂರಿಗೆ ಐದೂ ನಲವತ್ತಕ್ಕೇ ಮುಟ್ಟಿದ್ದೆ.